ಗುಂಡಪ್ಪ ದೇವರ ತೂಕ

ದೇವರು ಇದ್ದಾನೋ ಇಲ್ಲವೋ ಎಂದು ನನ್ನನ್ನು ಕೇಳಬೇಡಿ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಅಷ್ಟು ದೊಡ್ಡ ಪ್ರಶ್ನೆಗೆ ಉತ್ತರ ಹೇಳುವವರು ಬೇರೆ ಇದ್ದಾರೆ, ಅವರಿಗೆ ಹೊಲದ ಕೆಲಸವೂ ಇರುವುದಿಲ್ಲ. ಆದರೆ ದೇವರು ಎಷ್ಟು ತೂಕ ಇದ್ದಾನೆ ಎಂದು ಕೇಳಿದರೆ ಹೇಳಬಲ್ಲೆ. ಎತ್ತಿ ನೋಡಿದ್ದೇನೆ. ಅರ್ಧ ಚೀಲ ಜೋಳ ಎಷ್ಟು ಭಾರವೋ ಅಷ್ಟಿದ್ದಾನೆ. ಚೀಲಕ್ಕಾದರೆ ಹಿಡಿಯಲು ಕಿವಿ ಇರುತ್ತದೆ, ದೇವರಿಗೆ ಇಲ್ಲ, ಅದೊಂದೇ ತೊಂದರೆ.

ನಮ್ಮ ಕಡೆಯ ದೇವರುಗಳಿಗೆ ಒಬ್ಬೊಬ್ಬರಿಗೆ ಒಂದೊಂದು ಚಾಳಿ. ಒಬ್ಬ ಅವ್ವನಿಗೆ ಹೂವು, ಕಾಯಿ ಏನೂ ಬೇಡ. ಮೈಮೇಲೆ ನರೂಲಿ ಎದ್ದವರು ಹೋಗಿ ಅವಳ ಮುಂದೆ ಉಪ್ಪು ಸುರಿದು ಬರಬೇಕು, ಉಪ್ಪು ಕರಗಿದ ಹಾಗೆ ನರೂಲಿಯೂ ಕರಗುತ್ತದೆ. ನನ್ನದು ಕರಗಲಿಲ್ಲ. ಕೇಳಿದರೆ, ‘ನೀ ಹರಳುಪ್ಪು ಹಾಕಿ ಬಂದಿ, ಅದು ಕರಗಾಕ ತಡಾ ಆಕ್ಕೈತಿ’ ಎಂದರು. ಇನ್ನೊಂದು ಊರಿನಲ್ಲಿ ಮಳೆ ತಪ್ಪಿದರೆ ಗುಡಿಯ ಬಾಗಿಲಿಗೆ ಜಾಲಿಮುಳ್ಳು ಜಡಿದು ದೇವರನ್ನು ಒಳಗೇ ಕೂಡಿಹಾಕುತ್ತಾರೆ. ಮಳೆ ಬಿದ್ದ ಮೇಲೆ ಮುಳ್ಳು ತೆಗೆದು, ಕಡುಬು ಮಾಡಿ ಎಡೆ ಹಿಡಿದು, ತಪ್ಪಾಯಿತಪ್ಪಾ ಎಂದು ಕೈಮುಗಿಯುತ್ತಾರೆ. ಕೇಳಿದವರಿಗೆ ಇದು ವಿಚಿತ್ರ ಅನಿಸಬಹುದು. ಮೊದಲು ಬೈದು ಆಮೇಲೆ ಊಟಕ್ಕೆ ಕರೆಯುವುದು ನಮ್ಮ ಮನೆಯಲ್ಲೂ ನಡೆದು ಬಂದದ್ದೇ, ಹಾಗಾಗಿ ನನಗೆ ಅನಿಸಲಿಲ್ಲ.

ಇವರೆಲ್ಲರಿಗಿಂತ ಬೇರೆಯವನು ಗುಂಡಪ್ಪ. ಮಮದಾಪುರ ದಾಟಿ ಒಂದು ಸಣ್ಣ ಗುಡ್ಡದ ಮೇಲೆ ಅವನ ಗುಡಿ. ಒಳಗೆ ಮೂರ್ತಿ ಇಲ್ಲ. ದೊಡ್ಡ ಕುಂಬಳಕಾಯಿಯಷ್ಟು ಒಂದು ದುಂಡು ಕಲ್ಲು, ಭಂಡಾರ ಬಳಿದು ಬಳಿದು ಹಳದಿಯಾದದ್ದು. ಮನಸ್ಸಿನಲ್ಲಿ ಒಂದು ಪ್ರಶ್ನೆ ಕೇಳಿಕೊಂಡು ಅದನ್ನು ಎತ್ತಬೇಕು. ಸೊಂಟದ ಮಟ್ಟಕ್ಕೆ ಎದ್ದರೆ ದೇವರು ಹೂಂ ಎಂದ ಹಾಗೆ, ಏಳದಿದ್ದರೆ ಊಹೂಂ. ಗುಡಿಯೊಳಗೆ, ಎತ್ತುವ ಮೊದಲು, ಪ್ರಶ್ನೆಯನ್ನು ಬಾಯಿಬಿಟ್ಟು ಆಡಬಾರದು. ಇಳಿಸಿದ ಮೇಲೆ ಹೇಳುವುದು ಬಿಡುವುದು ಎತ್ತಿದವರ ಖುಷಿ. ಇದಕ್ಕೊಂದು ಕಥೆಯೂ ಇದೆ. ಒಬ್ಬ ಕುರುಬನ ಹತ್ತಿರ ಒಬ್ಬ ಮುದುಕ ಬಂದು, ‘ತಮ್ಮಾ, ನನ್ನ ಹೊತಗೊಂಡ ಹಳ್ಳಾ ದಾಟಸು’ ಎಂದನಂತೆ. ನಡು ನೀರಿನಲ್ಲಿ ಕುರುಬ, ‘ಏನ ಕೊಡ್ತಿ ಮುತ್ಯಾ?’ ಎಂದು ಕೇಳಿದ್ದೇ ತಡ, ಮುದುಕ ಬಂಡೆಯಷ್ಟು ಭಾರವಾದ. ‘ಏನೂ ಬ್ಯಾಡೋ ಮಾರಾಯಾ’ ಎಂದಕೂಡಲೇ ಹತ್ತಿಯಷ್ಟು ಹಗುರಾದ. ದಡದಲ್ಲಿ ಇಳಿಸಿ ನೋಡಿದರೆ ಮುದುಕನಿಲ್ಲ, ದುಂಡು ಕಲ್ಲು. ನನಗೆ ಈ ಕಥೆ ಪೂರಾ ಒಪ್ಪಿಗೆಯಿಲ್ಲ. ಹೊತ್ತವನು ಕೂಲಿ ಕೇಳಿದರೆ ತಪ್ಪೇನು? ಆದರೆ ನನ್ನ ಒಪ್ಪಿಗೆ ಕೇಳಿ ಯಾರೂ ಗುಡಿ ಕಟ್ಟಿಸುವುದಿಲ್ಲ.

ನಾನು ಕುಲಗೋಡಕ್ಕೆ ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ನನ್ನ ಹೊಟ್ಟೆಯಲ್ಲಿ ಗಂಡು ಹುಟ್ಟುತ್ತದೋ ಇಲ್ಲವೋ ಎಂದು ಕೇಳಬೇಕಾಗಿತ್ತು. ನಾನು ಬಗ್ಗಿದೆ, ಎತ್ತಿದೆ, ಇಳಿಸಿದೆ. ತವರಿನಲ್ಲಿ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಚಕ್ಕಡಿಗೆ ಜೋಳದ ಚೀಲ ಏರಿಸುವವರು ನಾವೇ ಅಕ್ಕತಂಗಿಯರು. ಅದೇ ಕೈ ಇದು. ಪೂಜೇರಿ ಮಾಯಪ್ಪ ಕಣ್ಣರಳಿಸಿ, ‘ಗುಂಡಪ್ಪ ಈಕಿಗಿ ಒಲದಾನ’ ಎಂದ. ಅದೇ ವರ್ಷ ಮಗ ಹುಟ್ಟಿದ. ಅಲ್ಲಿಂದ ಸುರುವಾಯಿತು ನನ್ನ ಗೋಳು.

ಈ ಬಾಳವ್ವನ ಕೈಗೆ ದೇವರು ಇಲ್ಲ ಅನ್ನುವುದಿಲ್ಲ ಎಂದು ಊರಲ್ಲೆಲ್ಲ ಸುದ್ದಿಯಾಯಿತು. ಯಾರಿಗೆ ಹೂಂ ಬೇಕೋ ಅವರು ನನ್ನನ್ನು ಚಕ್ಕಡಿಯಲ್ಲಿ ಹೇರಿಕೊಂಡು ಹೊರಡುವರು. ಒಬ್ಬನ ಎಮ್ಮೆ ಕಳೆದಿತ್ತು, ಎತ್ತಿದೆ. ಎಮ್ಮೆ ತಾನಾಗಿ ಬಂತು. ಒಬ್ಬಳು ಮಗನಿಗಾಗಿ ಎತ್ತಿಸಿದಳು, ಮಗಳನ್ನು ಹಡೆದಳು, ಕೂಸು ಹೊತ್ತುಕೊಂಡು ನನ್ನ ಬಾಗಿಲಿಗೇ ಜಗಳಕ್ಕೆ ಬಂದಳು. ‘ಕಲ್ಲ ಎತ್ತಿದಾಕಿ ನಾ, ಹಡದಾಕಿ ನೀ. ತಪ್ಪ ಎಲ್ಲಿ ಆತು ನೀನ ನೋಡ್ಕೋ’ ಎಂದು ಕಳಿಸಿದೆ. ನಿಜ ಹೇಳಬೇಕೆಂದರೆ ಈ ಹೆಸರು ನನಗೆ ಹಿತವಾಗಿತ್ತು. ರೊಟ್ಟಿ ಚೆನ್ನಾಗಿ ಬಡಿಯುತ್ತಾಳೆ ಎಂದು ಯಾರೂ ನನ್ನನ್ನು ಚಕ್ಕಡಿ ಕಟ್ಟಿಕೊಂಡು ಕರೆದೊಯ್ದಿರಲಿಲ್ಲ.

ನಾವು ಇನ್ನೂ ಮುಂಬೈ ಪ್ರಾಂತದಲ್ಲಿದ್ದ ಕಾಲ. ನನ್ನ ನಾದಿನಿ ತಂಗೆವ್ವನಿಗೆ ಹುಕ್ಕೇರಿ ಕಡೆಯಿಂದ ಒಂದು ಸಂಬಂಧ ಬಂತು. ಕಬ್ಬಿನ ಹೊಲ, ಸ್ವಂತ ಗಾಣ, ಮನೆ ತುಂಬ ಬೆಲ್ಲ. ವರನಿಗೆ ನನ್ನ ಗಂಡನಿಗಿಂತ ಹೆಚ್ಚು ವಯಸ್ಸು. ಮೊದಲನೆಯವಳೂ ಸತ್ತಿದ್ದಳು, ಎರಡನೆಯವಳೂ ಸತ್ತಿದ್ದಳು. ಇಬ್ಬರೂ ಗಾಣದ ಒಲೆಗೆ ಕಬ್ಬಿನ ಸಿಪ್ಪೆ ಒಟ್ಟಿ ಒಟ್ಟಿ ಸಿಪ್ಪೆಯ ಹಾಗೇ ಆಗಿ ಹೋದರು ಎಂದು ಮಂದಿ ಆಡಿಕೊಳ್ಳುತ್ತಿದ್ದರು. ಅತ್ತೆ ಕೆಟ್ಟವಳಲ್ಲ. ಮಾವ ಬೇಗ ತೀರಿಕೊಂಡಿದ್ದರಿಂದ ಜೋಳದ ನುಚ್ಚು ಕುದಿಸಿ ಮಕ್ಕಳನ್ನು ಬೆಳೆಸಿದವಳು. ಮಗಳಾದರೂ ಬೆಲ್ಲ ತಿಂದುಕೊಂಡಿರಲಿ ಎಂಬುದು ಅವಳ ಆಸೆ. ಅವರು ಒಂದು ಪೆಂಟಿ, ಅಂದರೆ ಒಂದು ದೊಡ್ಡ ಗಟ್ಟಿ, ಬೆಲ್ಲ ಕಳಿಸಿದ್ದರು. ಅತ್ತೆ ಅದನ್ನು ದಿನಾ ಒಂದಿಷ್ಟು ಮುರಿದು ಬಾಯಿಗೆ ಹಾಕಿಕೊಂಡು, ‘ಏನ ರುಚಿ ಐತ್ಯೋ ಯವ್ವಾ’ ಎನ್ನುತ್ತಿದ್ದಳು. ಪೆಂಟಿ ಕರಗಿದಷ್ಟೂ ಸಂಬಂಧ ಗಟ್ಟಿಯಾಗುತ್ತಾ ಬಂತು. ನನ್ನ ಗಂಡನನ್ನು ಕೇಳಿದರೆ, ‘ಅವ್ವ ಅಂದಂಗ’ ಎಂದು ಎತ್ತಿಗೆ ಮೇವು ಹಾಕಲು ಹೋದರು. ಕೊನೆಗೆ ಅತ್ತೆ, ‘ಗುಂಡಪ್ಪನ್ನ ಒಂದ ಮಾತ ಕೇಳೂಣು. ಬಾಳವ್ವ ಎತ್ತತಾಳ’ ಎಂದಳು. ಕೇಳುವುದೇನು ಬಂತು? ನಾನು ಎತ್ತುವುದು ಎಂದರೆ ಮದುವೆ ಗೊತ್ತಾಯಿತು ಎಂದೇ ಅರ್ಥ.

ಮರುದಿನ ಬೀಸುವಾಗ ತಂಗೆವ್ವ ಬೀಸುಕಲ್ಲಿನ ಗೂಟ ಗಟ್ಟಿಯಾಗಿ ಹಿಡಿದು ನಿಲ್ಲಿಸಿದಳು.

‘ವೈನಿ, ಇದೊಂದ ಸಲ ಎತ್ತಬ್ಯಾಡ್ರಿ. ನೀವು ಎತ್ತಿದ್ರ ದೇವ್ರು ಹೂಂ ಅಂತಾನ.’

‘ಹೂಂ ಅನ್ನೂದು ದೇವ್ರಲ್ಲ ತಂಗೆವ್ವ, ನನ್ನ ರಟ್ಟಿ.’

‘ಹಂಗಾರ ಆ ರಟ್ಟೀಗೆ ಹೇಳ್ರಿ, ಊಹೂಂ ಅನ್ನಂತ. ಆ ಮನಿಗೆ ಹ್ವಾದ್ರ ನಾನೂ ಮೂರನೇದಾಕಿ ಆಕ್ಕೇನಿ, ಅಷ್ಟ.’

ಅವಳು ಅಳಲಿಲ್ಲ. ಅತ್ತಿದ್ದರೆ ಬೈದು ಸುಮ್ಮನಾಗಿಸುತ್ತಿದ್ದೆ. ಅಳದೆ ಕೇಳಿದ್ದರಿಂದ, ‘ಎತ್ತಂಗಿಲ್ಲ ಬಿಡು’ ಎಂದು ಮಾತು ಕೊಟ್ಟೆ.

ಸೋಮವಾರ ಹೋದೆವು. ಗುಡ್ಡ ಹತ್ತುವಾಗ ಅತ್ತೆ ಮುಂದೆ, ತಂಗೆವ್ವ ನಡುವೆ, ನಾನು ಹಿಂದೆ. ಆ ಹುಡುಗಿಯ ಎಳೆ ಬೆನ್ನು ನೋಡುತ್ತಾ, ಈಕೆ ಆ ಮನೆಗೆ ಹೋಗದಿರಲಿ, ಹೋಗದಿರಲಿ ಎಂದು ಹೆಜ್ಜೆ ಹೆಜ್ಜೆಗೂ ಅಂದುಕೊಂಡೆ. ಹೇಗೆ ನರಳಬೇಕು, ಎಲ್ಲಿ ಕೈ ಜಾರಿಸಬೇಕು ಎಂಬುದನ್ನೂ ದಾರಿಯಲ್ಲೇ ಗೊತ್ತುಮಾಡಿಕೊಂಡೆ. ಗುಡಿಯಲ್ಲಿ ಬಗ್ಗಿ, ಕಲ್ಲಿನ ಕೆಳಗೆ ಬೆರಳು ಸೇರಿಸಿ, ‘ಅವ್ವಾ! ಅಪ್ಪಾ!’ ಎಂದು ನರಳಿದೆ. ನಡು ನೋಯುವವರ ಹಾಗೆ ಮುಖವನ್ನೂ ಕಿವುಚಿದೆ. ಕಲ್ಲು ಅಲುಗಲಿಲ್ಲ, ಅಲುಗಿಸಿದರೆ ತಾನೆ? ಎಲ್ಲ ಸರಿಯಾಗಿಯೇ ನಡೆದಿತ್ತು. ಆಗ ಮಾಯಪ್ಪ ನಕ್ಕ.

‘ಯಾಕ್ರಿ ಬಾಳವ್ವಾರ, ಇವತ್ತ ಕೈಗೆ ಮದರಂಗಿ ಹಚಗೊಂಡ ಬಂದೀರೇನು?’

ಕಟ್ಟೆಯ ಮೇಲೆ ಕುಳಿತಿದ್ದ ಯಾರೋ ಒಬ್ಬ ಮುದುಕಿ ಅದಕ್ಕೆ ಒಗ್ಗರಣೆ ಹಾಕಿದಳು: ‘ಹೆಂಗಸರ ತಾಕತ್ತು ಎಷ್ಟ ದಿನಾ ಬಿಡೋ ಮಾಯಪ್ಪ. ಒಂದ ಹಡದ್ರ ಮುಗೀತು.’

ಮುಂದಿನದು ನಾನು ಮಾಡಿದ್ದಲ್ಲ, ನನ್ನ ಕೈ ಮಾಡಿದ್ದು. ನೋಡುವಷ್ಟರಲ್ಲಿ ಗುಂಡಪ್ಪ ನನ್ನ ಹೊಟ್ಟೆಗೆ ಆನಿಕೊಂಡು ನಿಂತಿದ್ದ.

‘ಎದ್ದಾ! ಗುಂಡಪ್ಪ ಎದ್ದಾ!’ ಎಂದು ಅತ್ತೆ ಕೆನ್ನೆ ಕೆನ್ನೆ ಬಡಿದುಕೊಂಡಳು. ತಂಗೆವ್ವನ ಮುಖ ನೋಡಿದೆ. ನೋಡಬಾರದಾಗಿತ್ತು. ‘ಇಳಸ್ರಿ ಇನ್ನ’ ಎಂದ ಮಾಯಪ್ಪ. ನಾನು ಇಳಿಸಲಿಲ್ಲ. ಇಳಿಸಿದರೆ ಮಾತು ಮುಗಿಯುತ್ತದೆ, ಅದಕ್ಕೆ ಹಿಡಿದುಕೊಂಡೇ ವಿಚಾರ ಮಾಡಿದೆ. ದೇವರನ್ನು ಹೊಟ್ಟೆಗೆ ಆನಿಸಿಕೊಂಡು ಅಷ್ಟು ಹೊತ್ತು ವಿಚಾರ ಮಾಡಿದವರು ಮಠದ ಸ್ವಾಮಿಗಳಲ್ಲೂ ಇರಲಿಕ್ಕಿಲ್ಲ. ತೋಳು ನಡುಗತೊಡಗಿದ ಮೇಲೆ ಇಳಿಸಿ, ಕೈಗೆ ಮೆತ್ತಿದ್ದ ಭಂಡಾರವನ್ನು ಹಣೆಗೆ ಹಚ್ಚಿಕೊಂಡೆ.

‘ನನ್ನ ಮಗಳು ಇನ್ನ ಬೆಲ್ಲದ ಮನಿ ಸೊಸಿ’ ಎಂದಳು ಅತ್ತೆ.

‘ಅತ್ತಿ, ನಾ ಕೇಳಿದ್ದು ಅದಲ್ರಿ.’

‘ಮತ್ತೇನ ಕೇಳಿದಿ?’

‘ಈ ಹುಡುಗಿ ಆ ಮನಿಗೆ ಹೋಗೂದು ತಪ್ಪತೈತೇನಪಾ ಅಂತ ಕೇಳಿದ್ನಿ. ಹೂಂ ಅಂದಾ.’

‘ಹಂಗ ಕೇಳಂತ ನಾ ಹೇಳಿದ್ನೇನು?’ ಎಂದಳು ಅತ್ತೆ. ‘ಇಲ್ರಿ’ ಎಂದೆ. ಅವಳು ಮಾಯಪ್ಪನ ಕಡೆ ತಿರುಗಿದಳು. ಅವನು ರುಮಾಲು ಸರಿಮಾಡಿಕೊಂಡು, ನನ್ನ ಮುಖ ಒಮ್ಮೆ, ಹುಡುಗಿಯ ಮುಖ ಒಮ್ಮೆ ನೋಡಿದ. ಅವನಿಗೂ ಹೆಣ್ಣುಮಕ್ಕಳಿದ್ದರು.

‘ಅವ್ವಾರ, ಎತ್ತಿದವರ ಮನಸಿನ್ಯಾಗ ಏನ ಇರತೈತಿ, ಗುಂಡಪ್ಪ ಅದಕ್ಕ ಏಳತಾನ. ಹೇಳಿ ಎತ್ತಸಿದವರ ಮನಸಿಗಿ ಅಲ್ಲ. ಇದು ನಮ್ಮ ಮುತ್ಯಾನ ಕಾಲದಿಂದ ಬಂದದ್ದರಿ. ಮುಗೀತು.’

ನಿಜಕ್ಕೂ ಎತ್ತುವ ಗಳಿಗೆಯಲ್ಲಿ ನನ್ನ ಮನಸ್ಸಿನಲ್ಲಿ ಏನಿತ್ತು? ಆ ಮಾಯಪ್ಪನಿಗೆ, ಆ ಮುದುಕಿಗೆ ತೋರಿಸುತ್ತೇನೆ ಎನ್ನುವುದೊಂದೇ ಇತ್ತು. ಗುಡ್ಡ ಹತ್ತುವಾಗ ಇದ್ದದ್ದು ಮಾತ್ರ ಬೇರೆ. ದೇವರು ಯಾವುದನ್ನು ಹಿಡಿದು ಎದ್ದನೋ ಅವನಿಗೇ ಗೊತ್ತು, ನಾನು ಅವನನ್ನು ಕೇಳಲು ಹೋಗಲಿಲ್ಲ.

ಅತ್ತೆ ಗುಡ್ಡ ಇಳಿದು ಚಕ್ಕಡಿ ಏರಿದಳು. ಊರು ಹತ್ತಿರ ಬಂದಾಗ, ‘ನಿನ್ನ ತಾಕತ್ತು ಬರೇ ರಟ್ಟ್ಯಾಗ ಐತಿ ಅಂತ ತಿಳದಿದ್ನಿ’ ಎಂದಳು. ಆಮೇಲೆ ಸಣ್ಣ ದನಿಯಲ್ಲಿ, ‘ಬೆಲ್ಲ ಮಾತ್ರ ಛಲೋ ಇತ್ತ ನೋಡು’ ಎಂದು ಆಚೆ ಮುಖ ತಿರುಗಿಸಿದಳು. ಅವಳು ಯಾವುದಕ್ಕೆ ಕಣ್ಣು ಒರೆಸಿಕೊಂಡಳೋ, ಮಗಳು ಉಳಿದದ್ದಕ್ಕೋ ಬೆಲ್ಲ ಹೋದದ್ದಕ್ಕೋ, ನಾನು ವಿಚಾರಿಸಲಿಲ್ಲ. ಮತ್ತೆ ಎಂದೂ ನನ್ನ ಕೈಯಲ್ಲಿ ಕಲ್ಲು ಎತ್ತಿಸಲಿಲ್ಲ.

ತಂಗೆವ್ವನನ್ನು ಮುಂದೆ ಗೋಕಾಕದಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡಿದ್ದ ಒಬ್ಬ ಹುಡುಗನಿಗೆ ಕೊಟ್ಟೆವು. ದೀಪಾವಳಿಗೆ ತಪ್ಪದೆ ನನಗೊಂದು ಕುಪ್ಪಸ ಹೊಲಿದು ಕಳಿಸುತ್ತಾನೆ. ಮೊದಮೊದಲು ತೋಳು ಬಿಗಿಯಾಗುತ್ತಿತ್ತು. ಇಂಥ ತೋಳಿನ ಹೆಂಗಸು ಇರುತ್ತಾಳೆಂದು ಅವನಿಗೆ ನಂಬಿಕೆಯೇ ಬರುತ್ತಿರಲಿಲ್ಲ. ವರ್ಷ ಕಳೆದಂತೆ ಸರಿಯಾಯಿತು, ಆಮೇಲೆ ಸಡಿಲಾಯಿತು. ಅಳತೆ ಕಲಿತ ಎಂದುಕೊಂಡೆ. ಅಳತೆ ಅದೇ ಇತ್ತು, ನನ್ನ ತೋಳೇ ಇಳಿದುಹೋಗಿತ್ತು.

ಅದು ಗೊತ್ತಾದದ್ದು ಹಿಡಕಲ್ಲಿನಲ್ಲಿ ಹೊಳೆಗೆ ಅಣೆಕಟ್ಟೆಯ ಕೆಲಸ ನಡೆಯುತ್ತಿದ್ದಾಗ. ಮಗನಿಗೆ ಆ ಕಡೆಯ ಹೆಣ್ಣು ತಂದಿದ್ದೆವು, ಶಾಂತವ್ವ. ಏನು ಬೈದರೂ ತಿರುಗಿ ಆಡುವವಳಲ್ಲ. ಆಡುವವರನ್ನು ಸಂಭಾಳಿಸಬಹುದು, ಆಡದವರದು ಕಷ್ಟ. ಈಕೆ ನನ್ನ ಮಾತು ಕೇಳಿಕೊಂಡು ಇರುತ್ತಾಳೋ ಇಲ್ಲವೋ ಎಂದು ಕೇಳಿಬಿಡೋಣ ಎಂದು ಅವಳನ್ನೇ ಜೊತೆಗೆ ಕರೆದುಕೊಂಡು ಗುಂಡಪ್ಪನ ಗುಡ್ಡ ಹತ್ತಿದೆ. ದಾರಿಯುದ್ದಕ್ಕೂ ಅವಳಿಗೆ ಗುಡಿಯ ಕಟ್ಟಳೆಯನ್ನೆಲ್ಲ ಹೇಳಿದೆ, ನನ್ನ ಹಳೆಯ ಪ್ರತಾಪವನ್ನೂ ಸೇರಿಸಿ. ಗುಡಿಯಲ್ಲಿ ಸೆರಗು ಸಿಕ್ಕಿಸಿ ಬಗ್ಗಿದೆ. ಈ ಸಲ ನರಳಿದ್ದು ನಾಟಕವಲ್ಲ. ಗುಂಡಪ್ಪ ಅಲುಗಲಿಲ್ಲ.

‘ಆ ಕಡೆ ಸರೀರಿ ಅತ್ತಿ’ ಎಂದಳು ಶಾಂತವ್ವ. ಬಗ್ಗಿ, ಕೂಸನ್ನು ಬಗಲಿಗೆ ಎತ್ತಿಕೊಳ್ಳುವ ಹಾಗೆ ಗುಂಡಪ್ಪನನ್ನು ಎತ್ತಿ, ಇಳಿಸಿ, ಕೈ ಝಾಡಿಸಿಕೊಂಡಳು. ಮದುವೆಗೆ ಮುಂಚೆ ಎರಡು ವರ್ಷ ಅವಳು ಅದೇ ಕಟ್ಟೆಗೆ ಕಲ್ಲು ಮಣ್ಣು ಹೊತ್ತವಳು ಎಂಬುದು ನನಗೆ ಆಗ ನೆನಪಾಯಿತು.

‘ಏನ ಕೇಳಿದಿ?’ ಎಂದೆ.

ಅವಳು ನಕ್ಕಳು. ನಮ್ಮ ಮನೆಗೆ ಬಂದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

‘ಹೇಳೂದು ಬಿಡೂದು ಎತ್ತಿದವರ ಖುಷಿ ಅಂತ ನೀವ ಹೇಳಿದ್ರೆಲ್ರಿ, ಅತ್ತಿ.’

ಇವತ್ತಿಗೂ ಹೇಳಿಲ್ಲ. ಈಗ ಮನೆಯಲ್ಲಿ ಮೊಮ್ಮಕ್ಕಳು ಓಡಾಡುತ್ತವೆ, ಶಾಂತವ್ವ ಮೊದಲಿನ ಹಾಗೇ ಕಡಿಮೆ ಮಾತಿನವಳು. ಕೇಳಿದ್ದು ನನ್ನ ವಿಷಯವೋ, ಗಂಡನ ವಿಷಯವೋ, ತವರಿನ ವಿಷಯವೋ ಗೊತ್ತಿಲ್ಲ. ಗುಂಡಪ್ಪ ಹೂಂ ಎಂದದ್ದನ್ನಂತೂ ಕಣ್ಣಾರೆ ಕಂಡಿದ್ದೇನೆ. ಅಂದಿನಿಂದ ಅವಳು ಮಾಡಿದ ಸಾರಿಗೆ ಉಪ್ಪು ಸಾಲದಿದ್ದರೆ ನಾನೇ ಎದ್ದು ಹೋಗಿ ಹಾಕಿಕೊಳ್ಳುತ್ತೇನೆ. ಹೆಚ್ಚಾದರೆ ನೀರು ಕುಡಿಯುತ್ತೇನೆ.