ಗುಡುಗಿನ ಇಮ್ಕಾನ್

ಕೆಲವರಿಗೆ ಧೈರ್ಯ ಹುಟ್ಟಿನಿಂದಲೇ ಇರುತ್ತದೆ, ಕೆಲವರಿಗೆ ಮದುವೆಯಾದ ಮೇಲೆ ಬರುತ್ತದೆ. ನನಗೆ ಎರಡು ಸಲವೂ ಬರಲಿಲ್ಲ. ಅದರಲ್ಲೂ ಹವಾಮಾನದ ಮಾತು ಬಂದರೆ ಎದೆ ತಾನಾಗಿಯೇ ಹೊಡೆದುಕೊಳ್ಳುತ್ತದೆ. ಬಿಸಿಲೇರಿದರೆ ಝಳ ಬಡಿದೀತೆಂಬ ಭಯ, ಮೋಡ ಕಂಡರೆ ಸಿಡಿಲು ಬಿದ್ದೀತೆಂಬ ಭಯ. ನಮ್ಮ ಶಹಾಪುರದ ಬೇಸಿಗೆಯಲ್ಲಿ ಮಧ್ಯಾಹ್ನದವರೆಗೆ ಮೊದಲನೆಯದು, ಮಧ್ಯಾಹ್ನ ಕಳೆದ ಮೇಲೆ ಎರಡನೆಯದು. ಹೀಗಾಗಿ ವೈಶಾಖದಲ್ಲಿ ನನಗೆ ಬಿಡುವೇ ಇರುತ್ತಿರಲಿಲ್ಲ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳ ಮಾತಿದು. ನಾನಾಗ ತಹಸೀಲ್ ಕಚೇರಿಯಲ್ಲಿ ಉರ್ದು ಬರೆಯುವ ಗುಮಾಸ್ತ. ಹೆಂಡತಿ ಗೌರಮ್ಮ ಚೊಚ್ಚಲ ಬಸುರಿ. ಅವಳ ತವರು ಸುರಪುರದಾಚೆಯ ದೇವಾಪುರ. ಹೆರಿಗೆಗೆ ಮಗಳನ್ನು ಕರೆಸಿಕೊಳ್ಳಲು ಅತ್ತೆ ಕಮಾನು ಬಂಡಿ ಕಳಿಸಿದರು. ಬಂಡಿ ಹೊಡೆಯುವ ಯಂಕಪ್ಪ ಬಂದು ನಮ್ಮ ಅಂಗಳದಲ್ಲಿ ಎತ್ತು ಕಟ್ಟಿದ ದಿನವೇ ಕಚೇರಿಯಲ್ಲಿ ನನ್ನ ಮೇಲಧಿಕಾರಿ ಪೇಶ್ಕಾರ್ ಸಾಹೇಬರು ಒಂದು ಸುದ್ದಿ ತಂದರು. ಯಾದಗಿರಿ ಸ್ಟೇಷನ್ನಿನ ಹತ್ತಿರ ಹತ್ತಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಅವರು ರೇಡಿಯೋ ಕೇಳಿದ್ದರಂತೆ. ಬಿಸಿಲು ಇನ್ನೂ ಜೋರಾಗುತ್ತದೆ, ಅಲ್ಲಲ್ಲಿ ಗುಡುಗು ಸಿಡಿಲಿನ ಇಮ್ಕಾನ್ ಇದೆ ಎಂದು ಹೈದರಾಬಾದಿನಿಂದ ಹೇಳಿದರಂತೆ. ಇಮ್ಕಾನ್ ಅಂದರೆ, ಆದರೂ ಆಗಬಹುದು ಎಂದರ್ಥ. ಆಗುತ್ತದೆ ಎಂದಿದ್ದರೆ ಮನೆಯಲ್ಲಿ ಕೂಡುತ್ತಿದ್ದೆ, ಆಗುವುದಿಲ್ಲ ಎಂದಿದ್ದರೆ ಹೊರಡುತ್ತಿದ್ದೆ. ಈ ಇಮ್ಕಾನ್ ಕಟ್ಟಿಕೊಂಡು ಸಂಸಾರಸ್ಥ ಏನು ಮಾಡಬೇಕು? ಅಲ್ಲಲ್ಲಿ ಎಂದರೆ ಎಲ್ಲೆಲ್ಲಿ ಎಂದು ಸಾಹೇಬರನ್ನು ಕೇಳಿದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಬಿಜ್ಲಿ ಪತಾ ದೇಕೋ ನೈ ಆತಿ, ಮಿಯಾಂ" ಎಂದರು. ಸಿಡಿಲು ವಿಳಾಸ ಕೊಟ್ಟು ಬರುವುದಿಲ್ಲವಂತೆ.

ಇವತ್ತು ನಾಳೆ ಎನ್ನುತ್ತ ದಿನ ದೂಡಿದೆ. ದಾರಿಯಲ್ಲೇ ನೋವು ಶುರುವಾದರೆ, ಮೇಲೆ ಗುಡುಗಿದರೆ, ಅಡವಿಯಲ್ಲಿ ಸೂಲಗಿತ್ತಿಯನ್ನು ಎಲ್ಲಿಂದ ತರಲಿ? ಅನ್ನ ಸೇರುತ್ತಿರಲಿಲ್ಲ. ಮಳೆಯ ಸುಳಿವೇ ಇಲ್ಲವೆಂದು ಯಂಕಪ್ಪ ಮೀಸೆ ಮುಟ್ಟಿ ಹೇಳಿದ. ಕೊನೆಗೆ ಗೌರಮ್ಮನೇ ಗಂಟು ಕಟ್ಟಿಕೊಂಡು ಬಾಗಿಲಿಗೆ ಬಂದು ನಿಂತಳು. "ನೀವು ಹಿಂಗ ಮುಗಿಲು ನೋಡ್ಕೋತ ಕುಂತ್ರ, ಕೂಸು ಇಲ್ಲೇ ಹುಟ್ಟಿ ಅದೂ ನಿಮ್ಮ ಜೋಡಿ ಮುಗಿಲು ನೋಡತದ" ಎಂದಳು.

ನಸುಕಿನಲ್ಲೇ ಹೊರಡುವುದೆಂದು ಗೊತ್ತಾಯಿತು. ಆದರೆ ಅವಳಿಗೆಂದು ನಾನು ನೀರಿನ ಕೊಡ, ಮಜ್ಜಿಗೆ, ಹುಣಸೆಹಣ್ಣಿನ ಪಾನಕ, ಝಳಕ್ಕೆ ಉಳ್ಳಾಗಡ್ಡಿ, ಒದ್ದೆ ಚಾದರ ಎಲ್ಲ ಹೇರುವಷ್ಟರಲ್ಲಿ ಸೂರ್ಯ ಮೇಲೆ ಬಂದಿದ್ದ. ಮಾವನ ಊರಿಗೆ ಸರಕಾರಿ ಮನುಷ್ಯನಂತೆ ಹೋಗಬೇಕಲ್ಲ? ಕರಿ ಶೇರವಾನಿಗೆ ಕೊರಳತನಕ ಗುಂಡಿ ಹಾಕಿ, ತಲೆಗೆ ಟೊಪ್ಪಿಗೆ ಇಟ್ಟು ಹತ್ತಿದೆ. ಗೌರಮ್ಮ ಮಜ್ಜಿಗೆ ಕುಡಿದು, ನೆರಳಿಗೆ ಒರಗಿ ಹಾಯಾಗಿ ನಿದ್ದೆ ಹೋದಳು. ನಾನು ಮಾತ್ರ ಮೋಡ ಕಾಯುವುದಕ್ಕೆಂದು ಕಮಾನಿನ ಹೊರಗೆ ತಲೆ ಚಾಚಿ ಕೂತೆ. ಹನಿ ನೀರೂ ಗಂಟಲಿಗಿಳಿಸಲಿಲ್ಲ. ಅದೆಲ್ಲ ಅವಳಿಗೆ ಬೇಕಾದೀತೆಂದು.

ಸುರಪುರ ದಾಟಿದ ಮೇಲೆ ಪಡುವಣದಲ್ಲಿ ಮುಗಿಲು ಕಪ್ಪಾಯಿತು. ಗುಡುಗಿತು. ಯಂಕಪ್ಪ ಬಂಡಿಯನ್ನು ಹುಣಸೆ ಮರದ ಕಡೆ ತಿರುಗಿಸಿದ. ಮರಕ್ಕೇ ಸಿಡಿಲು ಹೊಡೆಯುವುದು, ಬಯಲಿಗೆ ನಡೆ ಎಂದೆ. ಬಯಲಲ್ಲಿ ನಿಂತರೆ ಅದಕ್ಕೆ ಕಾಣುವುದು ನಾವಷ್ಟೇ ಎಂದ ಅವನು. ಅಷ್ಟರಲ್ಲಿ ಗಾಳಿ ಎದ್ದು ನನ್ನ ಟೊಪ್ಪಿಗೆ ಹಾರಿತು. ಬರಿದಲೆಯಲ್ಲಿ ಮಾವನ ಮನೆಗೆ ಹೋಗುವುದು ಹೇಗೆ? ಇಳಿದು ಎರೆಹೊಲದ ಬಿರುಕುಗಳನ್ನು ಹಾರುತ್ತ ಓಡಿದೆ. ಟೊಪ್ಪಿಗೆ ಎರಡಾಗಿ ಕಂಡಿತು, ಆಮೇಲೆ ಏನೂ ಕಾಣಲಿಲ್ಲ.

ಕಣ್ಣು ಬಿಟ್ಟಾಗ ಬಂಡಿಯೊಳಗೆ ಮಲಗಿದ್ದೆ. ಯಂಕಪ್ಪ ಹೊತ್ತು ತಂದು ಹಾಕಿದ್ದನಂತೆ. ಶೇರವಾನಿಯ ಗುಂಡಿಗಳೆಲ್ಲ ಬಿಚ್ಚಿದ್ದವು, ಹಣೆಯ ಮೇಲೆ ಗೌರಮ್ಮನ ಒದ್ದೆ ಚಾದರ, ಬಾಯಲ್ಲಿ ಅವಳ ಮಜ್ಜಿಗೆ. ನಾಲ್ಕು ದಪ್ಪ ಹನಿ ಉದುರಿಸಿ ಮೋಡ ತಿಂಥಣಿಯ ಹೊಳೆ ಕಡೆಗೆ ಹೋಗಿಬಿಟ್ಟಿತ್ತು. ನಿನಗೇನೂ ಆಗಿಲ್ಲವಲ್ಲ ಎಂದು ಗೌರಮ್ಮನನ್ನು ಕೇಳಿದೆ.

"ನನಗೇನಾಗ್ಯಾದ? ಸುಮ್ನ ಮಲ್ಕೋರಿ" ಎಂದಳು. ಆದರೆ ಅವಳ ಕೈ ಬೀಸಣಿಗೆಯನ್ನು ತಲೆಕೆಳಗಾಗಿ ಹಿಡಿದು ಬೀಸುತ್ತಿತ್ತು. ಹೆದರಿಕೆ ನನ್ನೊಬ್ಬನ ಆಸ್ತಿ ಎಂದುಕೊಂಡಿದ್ದೆ. ಆ ಕೈ ಹಿಡಿದುಕೊಂಡೆ. ಮುಂದಿನ ದಾರಿಯಲ್ಲಿ ಇಬ್ಬರೂ ಮುಗಿಲು ನೋಡಲಿಲ್ಲ.

ದೇವಾಪುರದಲ್ಲಿ ಆರತಿ ಹಿಡಿದು ನಿಂತಿದ್ದ ಅತ್ತೆಗೆ ಮೊದಲು ಕಂಡದ್ದು ಬಂಡಿಯಿಂದ ಹೊರಚಾಚಿದ ಅಳಿಯನ ಕಾಲು. ಮಗಳ ಬಾಣಂತನಕ್ಕೆಂದು ಸಿದ್ಧಮಾಡಿದ್ದ ತಂಪು ಕೋಣೆಯ ಹೊರಸಿನ ಮೇಲೆ ನನ್ನನ್ನು ಮಲಗಿಸಿ, ಮುಸುಕೆಳೆದು, ಬಾಗಿಲು ಮುಂದೆ ಮಾಡಿದರು. ಸಂಜೆ ಬಸುರಿಯನ್ನು ನೋಡಲು ಓಣಿಯ ಹೆಂಗಸರು ಬಂದರು. ಅವರಲ್ಲಿ ಕಣ್ಣು ಮಂಜಾದ ಮುದುಕಿಯೊಬ್ಬಳು ನೇರವಾಗಿ ಕೋಣೆಗೆ ಬಂದು ನನ್ನ ಪಕ್ಕ ಕೂತು, ಚಾದರದ ಮೇಲಿಂದಲೇ ಹೊಟ್ಟೆ ಸವರಿದಳು.

"ಇನ್ನೂ ದಿನಾ ಅದಾವ ಬಿಡು, ನನ ಮಗಳ. ಹೆದರಬ್ಯಾಡ. ನಾವೆಲ್ಲ ಇದ್ದೇವಿ" ಎಂದಳು.

ಬಾಗಿಲಲ್ಲಿದ್ದ ಗೌರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನಾನು ಮುಸುಕಿನೊಳಗಿಂದಲೇ ಸಣ್ಣ ದನಿಯಲ್ಲಿ ಹೂಂ ಎಂದೆ. ಏನು ಮಾಡಲಿ? ಆ ಇಡೀ ಬೇಸಿಗೆಯಲ್ಲಿ ನನಗೆ ಹಾಗೆ ಸಮಾಧಾನ ಹೇಳಿದವರು ಅವಳೊಬ್ಬಳೇ.