ರೈಟ್ ಮಾಮನ ಮನೆಗಾಡಿ

"ಇವತ್ತಿನಿಂದ ನಾನು ಪ್ಯಾಸೆಂಜರ್!" ಎಂದು ರೈಟ್ ಮಾಮ ಘೋಷಿಸಿದರು. "ಶೋರೂಮಲ್ಲಿ ಹೊಸ ಗಾಡಿ ಹತ್ತಿ ಕೂತ್ರೆ ಮುಗೀತು. ಸಮುದ್ರ ಕಾಣೋವರೆಗೂ ಏಳಲ್ಲ. ಬೇಕಾದ್ರೆ ಬರೆದಿಟ್ಕೋ."

"ನೀವು ಆಡಿದ್ದನ್ನೆಲ್ಲ ಬರೆದಿಡೋಕೆ ಹೋಗಿದ್ರೆ ಮನೇಲಿ ನಮಗೇ ಜಾಗ ಇರ್ತಿರ್ಲಿಲ್ಲ," ಎಂದರು ಅವರ ಹೆಂಡತಿ, ಸೂಟ್‌ಕೇಸಿನ ಜಿಪ್ ಎಳೆಯುತ್ತ.

ರೈಟ್ ಮಾಮ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವರು ಸಿಟಿ ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು. ಹೊರಡು ಎನ್ನುವುದಕ್ಕೆ ಅವರ ಬಾಯಲ್ಲಿದ್ದದ್ದು ಒಂದೇ ಮಾತು: ರೈಟ್. ಡ್ಯೂಟಿ ಮುಗಿದರೂ ಆ ಮಾತು ಮುಗಿಯಲಿಲ್ಲ. ಫೋನ್ ಇಡುವಾಗ ರೈಟ್. ಉಂಡು ಏಳುವಾಗ ರೈಟ್. ಆಸ್ಪತ್ರೆಯಲ್ಲಿ ನರ್ಸ್ ಸೂಜಿ ಚುಚ್ಚಿ ತೆಗೆದರೆ, ಮಂಚದ ಸರಳನ್ನು ಎರಡು ಸಲ ತಟ್ಟಿ ರೈಟ್. ಬೀದಿಯ ಮಕ್ಕಳು ಮಾಮ ಎಂಬ ಮಾತಿಗೆ ಅದನ್ನೇ ಅಂಟಿಸಿದರು.

ಹೆಂಡತಿ ಡ್ರೈವಿಂಗ್ ಸ್ಕೂಲಿನ ಮೇಡಂ. ಊರಿಗೆಲ್ಲ ಮೇಡಂ ಆದ್ದರಿಂದ ನಮಗೂ ಮೇಡಂ. ಕಲಿಯುವವರ ಪಕ್ಕದಲ್ಲಿ ಕೂತು, ತಮ್ಮ ಕಾಲ ಕೆಳಗಿನ ಇನ್ನೊಂದು ಬ್ರೇಕನ್ನು ಒತ್ತೊತ್ತಿ ಅರ್ಧ ಊರಿನ ಕಾಂಪೌಂಡುಗಳನ್ನು ಉಳಿಸಿದ ಮಹಾತಾಯಿ.

ದಿನ ಬೆಳಗಾದರೆ ಇಬ್ಬರೂ ಗಾಡಿ ಹತ್ತುವವರೇ. ಆದರೆ ಇಬ್ಬರೂ ಕೂಡಿ ಒಂದು ಗಾಡಿ ಹತ್ತಿದ್ದಿಲ್ಲ. ಊರಿಗೆ ರಜೆ ಬಂದರೆ ಬಸ್ಸಿನಲ್ಲಿ ರಷ್ಷು, ಮಾಮನಿಗೆ ಡಬಲ್ ಡ್ಯೂಟಿ. ಭಾನುವಾರ ಬಂದರೆ ಕಲಿಯುವವರ ಸಾಲು, ಮೇಡಂಗೆ ಉಸಿರಾಡಲು ಪುರಸೊತ್ತಿಲ್ಲ. ಮದುವೆಯ ಹೊಸದರಲ್ಲಿ "ನಿನಗೆ ಸಮುದ್ರ ತೋರಿಸ್ತೀನಿ" ಎಂದು ಮಾಮ ಕೊಟ್ಟ ಮಾತು ಮಗಳ ಮದುವೆಯಾದರೂ ಹಾಗೇ ಉಳಿದಿತ್ತು. ಅದರ ಬಗ್ಗೆ ಮೇಡಂ ಒಂದು ದಿನವೂ ಚಕಾರ ಎತ್ತಿರಲಿಲ್ಲ. ಎತ್ತಿ ನಾಲ್ಕು ಮಾತು ಬೈದಿದ್ದರೆ ಮಾಮನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅದಕ್ಕೇ ಈ ಮೋಟಾರ್‌ಹೋಮ್. ಹಾಸಿಗೆ, ಒಲೆ, ಬಚ್ಚಲು ಎಲ್ಲವನ್ನೂ ಹೊತ್ತುಕೊಂಡು ಓಡುವ ಮನೆ. ಮಾಮ ಅದಕ್ಕೆ ಮನೆಗಾಡಿ ಎಂದು ಹೆಸರಿಟ್ಟರು. ದೂರದ ನಗರದ ಶೋರೂಮಿಗೆ ರೈಲಿನಲ್ಲಿ ಹೋಗಿ ಗಾಡಿ ತರುವುದು, ಬರುವಾಗ ಸುತ್ತುದಾರಿ ಹಿಡಿದು ಸಮುದ್ರ ನೋಡಿಕೊಂಡು ಬರುವುದು ಎಂದು ತೀರ್ಮಾನವಾಯಿತು. ಓಡಿಸುವವರು ಮೇಡಂ. ಮಾಮನಿಗೆ ಡ್ರೈವಿಂಗ್ ಬರುವುದಿಲ್ಲ. "ಹೆಂಡತಿ ಹತ್ರ ಪಾಠ ಹೇಳಿಸ್ಕೊಳ್ಳೋದು ಹೇಗೂ ಇದ್ದೇ ಇದೆ, ಅದಕ್ಕೆ ಸ್ಟೀರಿಂಗ್ ಬೇರೆ ಯಾಕೆ?" ಎಂಬುದು ಅವರ ವಾದ.

ಮೇಡಂ ಒಂದೇ ಒಂದು ಷರತ್ತು ಹಾಕಿದರು.

"ಆ ಗಾಡೀಲಿ ನೀವು ನನ್ನ ಗಂಡ. ಕಂಡಕ್ಟರ್ ಅಲ್ಲ. ಅದೇನಾದ್ರೂ ಬಸ್ಸಾಯ್ತೋ, ಸಮುದ್ರಾನೂ ಬೇಡ ಗಿಮುದ್ರಾನೂ ಬೇಡ, ಸೀದಾ ಮನೆಗೆ. ಮಾರನೇ ದಿನವೇ ಗಾಡಿ ಮಾರಾಟಕ್ಕೆ."

"ನನ್ನನ್ನ ಏನಂದ್ಕೊಂಡಿದೀಯ? ನಾನು ಪ್ಯಾಸೆಂಜರ್ ಅಂತ ಆಗ್ಲೇ ಹೇಳಿದ್ನಲ್ಲ," ಎಂದು ಮಾಮ ಎದೆಯುಬ್ಬಿಸಿದರು.

ಶೋರೂಮಿನಲ್ಲಿ ಗಾಡಿ ಫಳಫಳ ಹೊಳೆಯುತ್ತ ನಿಂತಿತ್ತು. ಸೇಲ್ಸ್‌ಮನ್ ನೀರಿನ ಟ್ಯಾಂಕು ಎಲ್ಲಿ, ಗ್ಯಾಸು ಎಲ್ಲಿ, ಬಾಗಿಲ ಕೆಳಗಿನ ಮೆಟ್ಟಿಲು ಒಳಗೆ ಸರಿಯುವುದು ಹೇಗೆ ಎಂದೆಲ್ಲ ವಿವರಿಸಿದ. ಮೇಡಂ ಶ್ರದ್ಧೆಯಿಂದ ಕೇಳಿದರು. ಮಾಮನ ಕಣ್ಣು ಒಳಗಿನ ಜಾಗ ಅಳೆಯುತ್ತಿತ್ತು.

"ಎಷ್ಟು ಜನಕ್ಕೆ ಇದು?"

"ನಾಲ್ಕು ಜನ ಆರಾಮಾಗಿ ಮಲಗಬಹುದು ಸರ್."

"ಮಲಗೋದು ಹಾಗಿರ್ಲಿ. ಸ್ಟ್ಯಾಂಡಿಂಗ್ ಎಷ್ಟು?"

ಮೇಡಂ ಕೆಮ್ಮಿದರು. ಮಾಮ ತಕ್ಷಣ ಬಾಯಿ ಮುಚ್ಚಿಕೊಂಡು ಹತ್ತಿ, ಕಿಟಕಿ ಪಕ್ಕದ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಮಹಾರಾಜರಾಗಿ ವಿರಾಜಮಾನರಾದರು. ಗಾಳಿ ಬರಲೆಂದು ಹಾಸಿಗೆಯ ಮೇಲಿದ್ದ ಚಾವಣಿಯ ಕಿಂಡಿಯನ್ನು ಪೂರಾ ತೆರೆದಿಟ್ಟರು. ಡ್ರೈವರ್ ಸೀಟಿಗೂ ಹಿಂದಿನ ಮನೆಗೂ ನಡುವೆ ಒಂದು ಪರದೆ. ಅದರಾಚೆ ಮೇಡಂ ಎಂಜಿನ್ ಶುರು ಮಾಡಿದರು.

ಗಾಡಿ ಗೇಟಿನ ಬಳಿ ನಿಂತಿತು. ನೇರ ಹೋದರೆ ಹೆದ್ದಾರಿ. ಬಲಕ್ಕೆ ಇನ್ನೊಂದು ಸಣ್ಣ ದಾರಿ.

"ಹೊರಡೋಣವಾ?" ಎಂದರು ಮೇಡಂ.

ಮಾಮನ ಬಾಯಿ ಮಾಮನನ್ನು ಕೇಳದೆ ತನ್ನ ಕೆಲಸ ಮಾಡಿತು. "ರೈಟ್!"

ಮೇಡಂ ರೈಟಿಗೆ ತಿರುಗಿಸಿದರು. ಅದು ಲಾರಿ ತೊಳೆಯುವ ಜಾಗ. ಗಾಡಿಯ ಮೂತಿ ಒಳಗೆ ಹೋದದ್ದೇ ತಡ, ಎರಡು ಕಡೆಯಿಂದ ಆಳೆತ್ತರದ ಬ್ರಷ್ಷುಗಳು ಗಿರ್ರನೆ ತಿರುಗತೊಡಗಿದವು. ತೆರೆದ ಕಿಂಡಿಯಿಂದ ಸೋಪಿನ ನೀರು ಧೋ ಎಂದು ಸುರಿಯಿತು. ಮಹಾರಾಜರಿಗೆ ಸಿಂಹಾಸನದ ಮೇಲೆಯೇ ಅಭಿಷೇಕವಾಯಿತು. ಎಲ್ಲ ಮುಗಿದು ಬೆಳಕಿಗೆ ಬಂದಾಗ ಹಾಸಿಗೆ ಪೂರ್ತಿ, ಮಾಮ ಮುಕ್ಕಾಲು ಒದ್ದೆ.

"ಬಲಗಡೆ ಯಾಕೆ ತಿರುಗಿಸ್ದೆ?"

"ನೀವೇ ರೈಟ್ ಅಂದ್ರಿ."

"ರೈಟ್ ಅಂದ್ರೆ ಹೋಗು ಅಂತ ಕಣೇ!"

"ಯಾವ ಊರಲ್ಲಿ? ನನ್ನ ಸ್ಕೂಲಲ್ಲಿ ರೈಟ್ ಅಂದ್ರೆ ಬಲಗಡೆ. ಹೇಳಿದ ಕಡೆ ತಿರುಗಿಸದೇ ಇದ್ದೋರನ್ನ ನಾನು ಅಲ್ಲೇ ಕೆಳಗಿಳಿಸ್ತೀನಿ."

"ಸರಿ ಬಿಡು. ನಿನ್ನ ಲೆಕ್ಕದಲ್ಲಿ ನೀನು ರೈಟು, ನನ್ನ ಲೆಕ್ಕದಲ್ಲಿ ನಾನು ರೈಟು."

"ಇಬ್ರೂ ರೈಟಾದ್ರೆ ಹಾಸಿಗೆ ಯಾಕ್ರೀ ಒದ್ದೆ?"

ಒಂದೇ ಮನೆಯಲ್ಲಿ ಎರಡು ರೈಟುಗಳಿವೆ ಎಂಬುದು ಮಾಮನಿಗೆ ತಲೆ ನರೆತ ಮೇಲೆ, ಅದೂ ತಲೆಯಿಂದ ನೊರೆ ಇಳಿಯುವಾಗ, ಗೊತ್ತಾಗಿತ್ತು.

ಸೋಫಾ ರೆಕ್ಸಿನ್ನಿನದು, ಒರೆಸಿದರೆ ಒಣಗಿತು. ಹಾಸಿಗೆಯ ಕತೆ ಹಾಗಲ್ಲ. ಅದನ್ನು ಗಾಡಿಯ ನೆತ್ತಿಗೆ ಕಟ್ಟಿ ದಾರಿಯುದ್ದಕ್ಕೂ ಒಣಗಿಸುವುದೆಂದಾಯಿತು. ಹೆದ್ದಾರಿಯ ಪಕ್ಕದಲ್ಲಿ ಒಂದಿಷ್ಟು ಅಂಗಡಿಗಳು ಕಂಡ ಕಡೆ ಮೇಡಂ ಗಾಡಿ ನಿಲ್ಲಿಸಿದರು.

"ನಾನು ಹಗ್ಗ ತರ್ತೀನಿ. ನೀವು ಹಾಸಿಗೆ ನೋಡ್ಕೊಳ್ಳಿ. ಬೇರೆ ಏನೂ ಮಾಡೋಕೆ ಹೋಗ್ಬೇಡಿ."

"ಏನು ಮಾಡ್ತೀನಿ ನಾನು?" ಎಂದರು ಮಾಮ ನೊಂದ ದನಿಯಲ್ಲಿ.

ಗಾಡಿ ನಿಂತದ್ದು ಬಸ್ ಸ್ಟಾಪಿನ ಎದುರಿಗೇ. ಅದು ವಿಧಿಯ ಕೈವಾಡವೇ ಸರಿ. ಸ್ಟಾಪಿನ ಬೆಂಚಿನಿಂದ ದೊಡ್ಡ ಚೀಲ ಹೊತ್ತ ಒಬ್ಬ ಅಜ್ಜಿ ಎದ್ದು ಬಂದು, ಗಾಡಿಯ ತೆರೆದ ಬಾಗಿಲಿನೊಳಗೆ ಇಣುಕಿದರು.

"ಅಪ್ಪಾ, ಇದು ಸಮುದ್ರದ ಕಡೆ ಹೋಗುತ್ತಾ? ನಮ್ಮ ಬಸ್ಸು ಕೆಟ್ಟು ನಿಂತಿದೆಯಂತೆ, ಬೆಳಗ್ಗಿನಿಂದ ಕಾಯ್ತಿದೀವಿ."

"ಹೋಗುತ್ತೆ ಅಜ್ಜಿ, ಆದ್ರೆ..."

ಆದ್ರೆ ಎಂದ ಮೇಲೆ ಏನು ಹೇಳಬೇಕೆಂದು ಮಾಮನಿಗೆ ಚೆನ್ನಾಗಿ ಗೊತ್ತಿತ್ತು. ಇದು ಬಸ್ಸಲ್ಲ, ನಮ್ಮ ಮನೆ, ಕ್ಷಮಿಸಿ. ಇಷ್ಟೇ. ಆದರೆ ಸ್ಟಾಪಿನಲ್ಲಿ ನಿಂತವರನ್ನು ಬಿಟ್ಟು ಹೋದ ಕಂಡಕ್ಟರ್ ಅವರಲ್ಲ. ಅವರು ಆ ಮುದುಕಿಯ ಬೆವೆತ ಮುಖ ನೋಡಿದರು. ಕೈ ತಾನಾಗಿ ಮುಂದೆ ಹೋಗಿ ಚೀಲ ಎತ್ತಿಕೊಂಡಿತು.

"ಹತ್ತಿ ಅಜ್ಜಿ, ಬೇಗ ಹತ್ತಿ."

ಒಬ್ಬರು ಹತ್ತಿದ ಗಾಡಿಗೆ ಇನ್ನೊಬ್ಬರು ಹತ್ತುವುದು ಲೋಕರೂಢಿ. ಕಂಕುಳಲ್ಲಿ ಕೂಸನ್ನು ಎತ್ತಿಕೊಂಡ ಹೆಂಗಸೊಬ್ಬರು ಬಂದರು. ಆಮೇಲೆ ಮೈಯೆಲ್ಲ ಸುಣ್ಣಬಣ್ಣದ ಚುಕ್ಕೆಗಳಿದ್ದ ಪೇಂಟರ್, ತನ್ನ ಉದ್ದನೆಯ ಏಣಿಯ ಸಮೇತ.

"ಏಣಿಗೆ ಲಗೇಜ್ ಟಿಕೆ..." ಎಂದು ಶುರು ಮಾಡಿ ಮಾಮ ನಾಲಿಗೆ ಕಚ್ಚಿಕೊಂಡರು. ಬಾಗಿಲು ಎಳೆದು, ಕಿಟಕಿಗಳ ಪರದೆ ಬಿಟ್ಟು, ಪಿಸುದನಿಯಲ್ಲಿ ಹೇಳಿದರು: "ನೋಡಿ, ಯಾರೂ ಕಮಕ್ ಕಿಮಕ್ ಅನ್ನಬಾರ್ದು. ಡ್ರೈವರ್ ತುಂಬ ಸ್ಟ್ರಿಕ್ಟು."

"ಡ್ರೈವರ್ ಯಾರು ಸಾರ್?" ಎಂದ ಪೇಂಟರ್.

"ನನ್ನ ಹೆಂಡತಿ."

"ಗೊತ್ತಾಯ್ತು ಬಿಡಿ," ಎಂದು ಪೇಂಟರ್ ಅನುಭವಸ್ಥನಂತೆ ಕೈಕಟ್ಟಿ ಕುಳಿತ.

ಮೇಡಂ ಹಗ್ಗ ತಂದರು. "ನೀನು ದಣಿದಿದೀಯ, ಹೋಗಿ ಸೀಟಲ್ಲಿ ಕೂತ್ಕೋ, ನಾನೇ ಕಟ್ತೀನಿ," ಎಂದರು ಮಾಮ. ಮೇಡಂ ಅವರನ್ನು ಮೇಲಿಂದ ಕೆಳಗೆ ನೋಡಿದರು. ಇಂಥ ಪ್ರೀತಿ ಬಂದಾಗಲೆಲ್ಲ ಮನೆಯಲ್ಲಿ ಏನೋ ಒಂದು ಒಡೆದಿರುತ್ತದೆ ಎಂದು ಅವರಿಗೆ ಗೊತ್ತು. ಆದರೂ ಹೋಗಿ ಕುಳಿತರು.

"ಹೊರಡೋಣವಾ?"

"ರೈ..." ಎಂಬುದನ್ನು ಮಾಮ ನುಂಗಿದರು. "ಹೋಗು, ನೇರವಾಗಿ ಹೋಗು."

ಒಂದಷ್ಟು ದೂರ ಎಲ್ಲ ಸುಸೂತ್ರ. ಆಮೇಲೆ ಅಜ್ಜಿಗೆ ಕೆಮ್ಮು ಬಂತು.

"ಯಾರ್ರೀ ಅದು ಕೆಮ್ಮಿದ್ದು?" ಪರದೆಯಾಚೆಯಿಂದ ಪ್ರಶ್ನೆ.

"ನಾನೇ."

"ಹೆಂಗಸಿನ ದನಿ ಇದ್ದ ಹಾಗಿತ್ತು."

"ಒದ್ದೆಯಾದ್ನಲ್ಲ, ಗಂಟಲು ಕಟ್ಟಿದೆ."

ಅಷ್ಟರಲ್ಲಿ ಕೂಸು ಎದ್ದು ಕುಯ್ಯೋ ಎಂದಿತು. ತಾಯಿ ಅದರ ಬಾಯಿಗೆ ಬೆರಳು ಕೊಟ್ಟು ಸುಮ್ಮನಾಗಿಸಿದರು.

"ಅದೂ ನೀವೇನಾ?"

"ಹೊಟ್ಟೆ... ಹೊಟ್ಟೆ ಹಸೀತಿದೆ."

ಮುಂದೆ ಒಂದು ಆಡು ರಸ್ತೆಗೆ ಅಡ್ಡ ಬಂತು. ಮೇಡಂ ಬ್ರೇಕ್ ಹಾಕಿದರು. ಏಣಿ ಮಾತ್ರ ನಿಲ್ಲಲಿಲ್ಲ. ಅದು ಸರ್ರನೆ ಮುಂದಕ್ಕೆ ಜಾರಿ, ಪರದೆ ಸರಿಸಿಕೊಂಡು, ಮೇಡಂ ಅವರ ಎಡಗಿವಿಯ ಪಕ್ಕದಲ್ಲಿ ಬಂದು ನಿಂತಿತು.

"ರೀ," ಎಂದರು ಮೇಡಂ ಅತ್ಯಂತ ಶಾಂತವಾಗಿ. "ಇದೂ ನೀವೇನಾ?"

ಗಾಡಿ ಪಕ್ಕಕ್ಕೆ ನಿಂತಿತು. ಪರದೆ ಸರಿಯಿತು. ಸೋಫಾ ತುಂಬ ಅಜ್ಜಿ ಮತ್ತು ಅವರ ಚೀಲ, ಮಂಚದ ತುಂಬ ತಾಯಿ, ಕೂಸು, ಪೇಂಟರ್. ನಡುವೆ ಮೇಲಿನ ಕಪಾಟಿನ ಹಿಡಿ ಹಿಡಿದುಕೊಂಡು, ಕಾಲು ಅಗಲಿಸಿ ನಿಂತಿದ್ದಾರೆ ಮಾಮ.

"ಕೂತ್ರೆ ಏಳಲ್ಲ ಅಂದಿದ್ರಲ್ಲ?"

"ಸೀಟು ಖಾಲಿ ಇರ್ಲಿಲ್ಲ," ಎಂದರು ಮಾಮ ಸಣ್ಣ ದನಿಯಲ್ಲಿ.

"ನಮ್ಮ ಮಾತು ಏನಾಗಿತ್ತು?"

ಮಾಮ ತಲೆ ತಗ್ಗಿಸಿದರು. ಗಾಡಿ ಹೋಗುವುದಕ್ಕಿಂತ ಸಮುದ್ರ ಹೋಗುವುದೇ ಅವರಿಗೆ ದೊಡ್ಡ ಸಂಕಟ. ಅಷ್ಟು ವರ್ಷ ಕಾಯಿಸಿ, ಇನ್ನೇನು ತೋರಿಸಬೇಕೆನ್ನುವಾಗ ತನ್ನ ಕೈಯಾರೆ ಕೆಡಿಸಿಕೊಂಡೆನಲ್ಲ ಎಂದು ಗಂಟಲು ನಿಜವಾಗಿಯೂ ಕಟ್ಟಿತು.

"ತಿರುಗಿಸು," ಎಂದರು. "ಆದ್ರೆ ಇವರನ್ನ ಊರು ಮುಟ್ಟಿಸಿ ತಿರುಗಿಸು. ತಪ್ಪು ನಂದು. ಬಸ್ಸು ಕೆಟ್ಟಿದ್ದು ಇವರ ತಪ್ಪಲ್ಲ."

ಅಜ್ಜಿ ಕತ್ತು ಚಾಚಿ ಮೇಡಂ ಅವರನ್ನು ನೋಡಿದರು.

"ನೀನೇನಮ್ಮ ಓಡಿಸ್ತಿರೋದು? ಅದಕ್ಕೇ ಅಂದ್ಕೊಂಡೆ. ಈ ರಸ್ತೇಲಿ ಓಡಾಡಿ ಓಡಾಡಿ ನನ್ನ ಸೊಂಟ ಸವೆದು ಹೋಗಿದೆ. ಇವತ್ತು ಗುಂಡಿ ಎಲ್ಲಿತ್ತು ಅಂತಾನೇ ಗೊತ್ತಾಗ್ಲಿಲ್ಲ."

"ಹೌದು ಮೇಡಂ, ನನ್ನ ಕೂಸು ಬಸ್ಸಲ್ಲಿ ಯಾವತ್ತೂ ಮಲಗಿದ್ದೇ ಇಲ್ಲ," ಎಂದರು ತಾಯಿ.

ಸಾವಿರಾರು ಜನರನ್ನು ತಯಾರು ಮಾಡಿದ ಮೇಡಂಗೆ "ಚೆನ್ನಾಗಿ ಓಡಿಸ್ತೀರಿ" ಎಂದು ಯಾರೂ ಹೇಳಿದ್ದಿಲ್ಲ. ಹೇಳುವುದು ಹೇಗೆ? ಅವರು ಓಡಿಸಿದ್ದನ್ನು ಯಾರು ನೋಡಿದ್ದರು? ಅವರು ಬ್ರೇಕ್ ಒತ್ತಿದ್ದನ್ನು ಮಾತ್ರ ಎಲ್ಲರೂ ನೋಡಿದ್ದರು. ಮೇಡಂ ಮುಖ ಗಂಟಿಕ್ಕಲು ನೋಡಿದರು, ಗಂಟು ಬೀಳಲಿಲ್ಲ.

"ಎಲ್ಲಿ ಇಳೀಬೇಕು ಅಜ್ಜಿ?" ಎಂದರು.

ಪೇಂಟರ್ ಮೊದಲು ಇಳಿದ, ಆಮೇಲೆ ತಾಯಿ ಮಗು, ಕೊನೆಗೆ ಅಜ್ಜಿ. ಇಳಿದವರೆಲ್ಲ ಸುತ್ತು ಹಾಕಿ ಡ್ರೈವರ್ ಕಿಟಕಿಯ ಬಳಿ ಹೋಗಿ ಮೇಡಂ ಕೈಹಿಡಿದು ಹೊಗಳಿದರು. ಬಾಗಿಲ ಬಳಿ ಚೀಲ ಇಳಿಸಿಕೊಟ್ಟು ನಿಂತಿದ್ದ ಮಾಮನ ಕಡೆ ಯಾರೂ ತಿರುಗಿ ನೋಡಲಿಲ್ಲ. ಅದು ಅವರಿಗೆ ಹೊಸದೇನಲ್ಲ.

"ಈಗ ತಿರುಗಿಸ್ತೀಯಾ?" ಎಂದು ಮಾಮ ಕೇಳಿದರು.

ಮೇಡಂ ತಮ್ಮ ಪಕ್ಕದ ಸೀಟನ್ನು ತಟ್ಟಿದರು. "ಇಲ್ಲಿ ಬನ್ನಿ. ಹಿಂದೆ ಬಿಟ್ರೆ ಇನ್ನೊಂದು ಸ್ಟಾಪ್ ಮಾಡ್ತೀರ. ಇಷ್ಟು ದೂರ ಬಂದಿದೀವಿ, ಸಮುದ್ರ ಬಂದಾಗ ಇಬ್ರೂ ಒಟ್ಟಿಗೇ ನೋಡೋಣ."

ಮಾಮನಿಗೆ ಕುಣಿಯುವಷ್ಟು ಖುಷಿಯಾಯಿತು. "ನೋಡ್ತಿರು, ಕಣ್ಣು ಮಿಟುಕಿಸಲ್ಲ ನಾನು!" ಎಂದು ಹತ್ತಿ ಕುಳಿತರು. ಸೀಟು ಮೆತ್ತಗಿತ್ತು. ಕಿಟಕಿಯಿಂದ ಉಪ್ಪುಗಾಳಿ ಬೀಸುತ್ತಿತ್ತು. ಜನ್ಮದಲ್ಲಿ ಮೊದಲ ಬಾರಿಗೆ ಅವರು ಯಾರನ್ನೂ ಹತ್ತಿಸಬೇಕಾಗಿರಲಿಲ್ಲ, ಇಳಿಸಬೇಕಾಗಿರಲಿಲ್ಲ.

ಕಣ್ಣು ಬಿಟ್ಟಾಗ ಹೊತ್ತು ಇಳಿದಿತ್ತು. ಎರಡು ಬದಿಯಲ್ಲೂ ಬರೀ ಬೋಳುಗುಡ್ಡ.

"ಸಮುದ್ರ ಬಂತಾ?"

"ಬಂತು."

"ಎಲ್ಲಿ?"

"ಹಿಂದೆ ಹೋಯ್ತು."

ಮಾಮ ತಟ್ಟನೆ ಹಿಂದಕ್ಕೆ ತಿರುಗಿ ನೋಡಿದರು. "ನೀನಾದ್ರೂ ನೋಡಿದ್ಯಾ?"

"ಇಲ್ಲ. ಒಟ್ಟಿಗೇ ನೋಡೋಣ ಅಂದಿದ್ನಲ್ಲ. ಅಲೆ ಸದ್ದು ಕೇಳ್ತಿತ್ತು, ಆ ಕಡೆ ಮುಖ ಹಾಕದೇ ಓಡಿಸ್ದೆ. ಯೋಚನೆ ಮಾಡ್ಬೇಡಿ, ಈ ಗುಡ್ಡ ಇಳಿದ್ರೆ ರಸ್ತೆ ಮತ್ತೆ ದಡಕ್ಕೇ ಹೋಗುತ್ತಂತೆ."

"ನನ್ನನ್ನ ಎಬ್ಬಿಸ್ಬಾರ್ದಿತ್ತಾ?"

"ಎಬ್ಬಿಸದೇ ಏನು? ಗಾಡಿ ನಿಲ್ಲಿಸಿ, ಭುಜ ಹಿಡಿದು ಅಲ್ಲಾಡಿಸಿ, 'ಏಳ್ರೀ, ಸಮುದ್ರ ಬಂತು, ಇಳಿಯೋಣ' ಅಂದೆ."

"ನಾನೇನಂದೆ?"

ಮೇಡಂ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"'ಬಾಗಿಲಲ್ಲಿ ನಿಲ್ಬೇಡಮ್ಮ, ಮುಂದೆ ಹೋಗು, ಮುಂದೆ ಬೇಕಾದಷ್ಟು ಜಾಗ ಖಾಲಿ ಇದೆ' ಅಂದ್ರಿ. ಬಂದೆ."