ಅಕ್ಕೋರ ಸಮುದ್ರಕ್ಕೆ ಒಂದು ಪಂಪು

ನನಗೆ ಆರಿಸಲು ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಲೋಕದಲ್ಲಿ ಪ್ರತಿಯೊಂದು ಸಾಮಾನೂ ಒಂದೊಂದೇ ಇದ್ದಿದ್ದರೆ ನನ್ನಷ್ಟು ಸುಖಿ ಇನ್ನೊಬ್ಬ ಇರುತ್ತಿರಲಿಲ್ಲ. ಎರಡಾದರೆ ಬೆವರು ಶುರು. ಸಂತೆಯಲ್ಲಿ ಬದನೆಕಾಯಿ ಆರಿಸಲು ಕೂತರೆ ಮಾರುವ ಮುದುಕಿಯೇ ಬೇಸತ್ತು, "ಯಪ್ಪಾ, ನೀ ನೋಡೂದ್ರಾಗ ಕಾಯಿ ಬಾಡಾಕತ್ತಾವ, ಲಗೂನ ತಗೋ" ಎಂದು ತಾನೇ ನಾಲ್ಕು ಎತ್ತಿ ಚೀಲಕ್ಕೆ ಹಾಕುತ್ತಾಳೆ. ಮದುವೆಯ ವಿಷಯವೂ ಅಷ್ಟೇ. ಎರಡು ಹೆಣ್ಣು ನೋಡಿದ್ದೆ, ಎರಡೂ ಒಳ್ಳೆಯ ಮನೆತನ. ನಾನು ವಿಚಾರ ಮಾಡುತ್ತಾ ಕೂತಿರುವಾಗಲೇ ಒಬ್ಬಳ ಮದುವೆ ಬೇರೆ ಕಡೆ ಗಟ್ಟಿಯಾಯಿತು. ಉಳಿದವಳು ಶಾರದಾ. ಈ ಸಂಗತಿ ಅವಳಿಗೆ ಯಾರೋ ಹೇಳಿದ್ದಾರೆ. ಹಾಗಾಗಿ ನಾನು ಅಂಗಡಿಗೆ ಹೊರಟಾಗಲೆಲ್ಲ, "ಒಂದ ಉಳಿಯೂತನಕಾ ಕಾಯ್ಕೋತ ಕೂಡಬ್ಯಾಡ್ರಿ ಮತ್ತ" ಎಂದು ಬಾಗಿಲಲ್ಲೇ ಎಚ್ಚರಿಸುತ್ತಾಳೆ.

ಇಂಥವನ ಪಾಲಿಗೆ ಒಮ್ಮೆ ಸಮುದ್ರದ ನೀರು ತಿರುಗಿಸುವ ಪಂಪು ಆರಿಸುವ ಕೆಲಸ ಬಂತು. ಅದೂ ವಿಜಾಪುರದಲ್ಲಿ! ಎಪ್ಪತ್ತರ ದಶಕದ ನಡುವಿನ ಮಾತು. ಆಗ ನಾನು ಬಬಲೇಶ್ವರದ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ವಾಸ ವಿಜಾಪುರದಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನಾವಿದ್ದದ್ದು ಒಂದು ಹಳೆಯ ವಾಡೆಯ ಅರ್ಧದಲ್ಲಿ. ಇನ್ನರ್ಧದಲ್ಲಿ ಸುಮತಿ ಅಕ್ಕೋರು ಇದ್ದರು. ಕಾರವಾರದ ಕಡೆಯವರು, ಹೆಣ್ಣುಮಕ್ಕಳ ಸಾಲಿಯಲ್ಲಿ ಗಣಿತ ಕಲಿಸುತ್ತಿದ್ದರು. ಅವರ ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ಮದುವೆಯಾಗಿ ನಮ್ಮ ಊರಿಗೆ ಬಂದ ಹೊಸದರಲ್ಲಿ ಅಕ್ಕೋರಿಗೆ ಸಮುದ್ರ ಕಾಣದೆ ಊಟ ಸೇರುತ್ತಿರಲಿಲ್ಲವಂತೆ. ಅದಕ್ಕೆ ಆ ಪುಣ್ಯಾತ್ಮ ಕಬ್ಬಿಣದ ಚೌಕಟ್ಟಿಗೆ ಗಾಜು ಕೂರಿಸಿ, ಕಾರವಾರದಿಂದ ಕ್ಯಾನುಗಳಲ್ಲಿ ಸಮುದ್ರದ ನೀರು ತಂದು ತುಂಬಿ, ಹವಳದ ಕಲ್ಲು ಜೋಡಿಸಿ, ಪಡಸಾಲೆಯಲ್ಲಿ ಒಂದು ಸಣ್ಣ ಸಮುದ್ರವನ್ನೇ ಮಾಡಿಕೊಟ್ಟಿದ್ದರು. ಅದರಲ್ಲಿ ಮೂರು ಮೀನು: ಕಿತ್ತಳೆ ಮೈಗೆ ಬಿಳಿ ಪಟ್ಟಿಯವು ಎರಡು, ಕಡುನೀಲಿಯದು ಒಂದು. ಕಲ್ಲಿಗೆ ಅಂಟಿಕೊಂಡು ಹೂವಿನಂತೆ ಅರಳಿ ಮುಚ್ಚುವ ಒಂದು ಜೀವಿಯೂ ಇತ್ತು. ತೊಟ್ಟಿಯ ಹಿಂದೆ ಒಂದು ಕರೆಂಟಿನ ಪಂಪು ಹಗಲಿರುಳು ಗುಂಯ್ ಎನ್ನುತ್ತಾ ನೀರಿಗೆ ಗಾಳಿ ಊದುತ್ತಿತ್ತು.

ಅಕ್ಕೋರಿಗೆ ಕಣ್ಣಿನಲ್ಲಿ ಪೊರೆ ಬಂದು ಹುಬ್ಬಳ್ಳಿಯಲ್ಲಿ ಆಪರೇಶನ್ ಮಾಡಿಸಬೇಕಾಯಿತು. ತಮ್ಮನ ಮನೆಯಲ್ಲಿ ಮೂರು ವಾರ ಇರುವುದು ಎಂದಾಯಿತು. ಹೊರಡುವಾಗ ಕೀಲಿ ನನ್ನ ಕೈಗೆ ಕೊಟ್ಟು, "ದಿನಕ್ಕೆ ಒಂದು ಚಿಟಿಕೆ ಆಹಾರ, ಅಷ್ಟೇ. ಉಳಿದದ್ದು ಪಂಪು ನೋಡಿಕೊಳ್ಳುತ್ತದೆ" ಎಂದರು. ಆ ಮಾತು ಕೇಳಿ ನನಗೆ ಎಷ್ಟು ಧೈರ್ಯ ಬಂದಿತ್ತೆಂದರೆ, ಮಾರನೆಯ ದಿನವೇ "ಮೀನುಗಳು ಕ್ಷೇಮ, ನೀವು ನಿಶ್ಚಿಂತೆಯಿಂದಿರಿ" ಎಂದು ಒಂದು ಕಾರ್ಡು ಬರೆದು ಅಂಚೆಗೆ ಹಾಕಿದೆ.

ನಾಲ್ಕನೆಯ ದಿನ ಸಾಲಿ ಮುಗಿಸಿ ಬಂದು ಅಕ್ಕೋರ ಬಾಗಿಲು ತೆಗೆದರೆ ಮನೆ ಮೌನವಾಗಿತ್ತು. ಪಂಪಿನ ಗುಂಯ್ ಇಲ್ಲ. ಸುಟ್ಟ ರಬ್ಬರಿನ ವಾಸನೆ. ಮೂರೂ ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಹೂವಿನ ಜೀವಿ ಮುದುಡಿ ಅಡಿಕೆಯಷ್ಟಾಗಿತ್ತು. "ಶಾರದಾ!" ಎಂದು ಕೂಗಿದ ಕೂಗಿಗೆ ಅವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ನೋಡಿದಳು, ಕೈ ತೊಳೆದುಕೊಂಡು, ಚೊಂಬು ತಂದು, ತೊಟ್ಟಿಯ ನೀರನ್ನೇ ತುಂಬಿ ಮೇಲೆತ್ತಿ ಸುರಿಯತೊಡಗಿದಳು. "ಮ್ಯಾಲಿಂದ ಬಿದ್ರ ನೀರಾಗ ಗಾಳಿ ಕೂಡತೈತಿ. ಸುಮ್ನ ನಿಂತೀರೇನು? ನೀವೂ ಒಂದ ಚೊಂಬು ತರ್ರಿ." ನಾನು ಒಳಗೆ ಹೋಗಿ ತಾಮ್ರದ್ದು ತರಲೋ ಸ್ಟೀಲಿನದು ತರಲೋ ಎಂದು ನಿಂತೆ. ತಾಮ್ರ ಉಪ್ಪುನೀರಿಗೆ ಆಗದು ಎಂದು ಅಕ್ಕೋರು ಒಮ್ಮೆ ಹೇಳಿದ್ದು ನೆನಪಾದದ್ದರಿಂದ ಆ ಒಂದು ತೀರ್ಮಾನ ಬೇಗ ಆಯಿತು.

ರಾತ್ರಿಯಿಡೀ ಇಬ್ಬರೂ ಪಾಳಿಯ ಮೇಲೆ ನೀರು ಸುರಿದೆವು. ಮರುದಿನ ಸಾಲಿಗೆ ರಜಾ ಹಾಕಿದೆ. ಚೊಂಬಿನ ಪಾಳಿ ಶಾರದಾಗೆ ಒಪ್ಪಿಸಿ, ಸ್ಟೇಶನ್ ರಸ್ತೆಯ ಪಂಪಿನ ಅಂಗಡಿಗೆ ಹೋದೆ. ಹೊರಗೆ ಡೀಸೆಲ್ ಇಂಜಿನ್ನುಗಳು ಸಾಲಾಗಿ ನಿಂತಿದ್ದವು. ಒಳಗೆ ಅಂಗಡಿಯ ಸಾಹುಕಾರ, ಪಕ್ಕದಲ್ಲಿ ಪಟಗಾ ಸುತ್ತಿದ ಒಬ್ಬ ರೈತ.

"ಬರ್ರಿ ಮಾಸ್ತರ, ಬಾವಿ ಎಷ್ಟ ಆಳ ಐತ್ರಿ?" ಎಂದ ಸಾಹುಕಾರ.

"ಎರಡು ಮೊಳ."

ಅವನು ಪೆನ್ಸಿಲ್ಲು ಕೆಳಗಿಟ್ಟ. "ಎರಡ ಮೊಳಾ? ಅದಕ್ಕ ಬಾವಿ ಅನ್ನೂದಿಲ್ರಿ. ಇರ್ಲಿ, ನೀರ ಎಷ್ಟ ದೂರ ಒಯ್ಯಬೇಕು?"

"ಎಲ್ಲಿಗೂ ಒಯ್ಯಬಾರದು. ಇದ್ದಲ್ಲೇ ತಿರುಗಬೇಕು."

"ತಿರುಗಿ?"

"ತಿರುಗಿ, ಮತ್ತೆ ಅಲ್ಲೇ ಬರಬೇಕು."

ಸಾಹುಕಾರ ನನ್ನ ಮುಖ ನೋಡಿದ. ನಾನು ಕಷ್ಟಪಟ್ಟು ಎಲ್ಲ ವಿವರಿಸಿದೆ. ಅವನಲ್ಲಿದ್ದ ಎಲ್ಲಕ್ಕಿಂತ ಸಣ್ಣ ಪಂಪನ್ನು ತೋರಿಸಿದ. ಅದನ್ನು ಚಾಲೂ ಮಾಡಿದರೆ ಅಕ್ಕೋರ ಸಮುದ್ರ ಎರಡು ಉಸಿರಿನಲ್ಲಿ ಗಟಾರ ಸೇರುತ್ತಿತ್ತು. ಆದರೂ ನಾನು ಅದರ ಸುತ್ತ ಎರಡು ಸಲ ತಿರುಗಿ ನೋಡಿದೆ. ಬೇಡ ಎನ್ನುವುದೂ ಒಂದು ಆಯ್ಕೆಯಲ್ಲವೆ, ಅದೂ ನನಗೆ ಕಷ್ಟ.

ಪಟಗಾದ ರೈತ ಇಷ್ಟೊತ್ತು ಸುಮ್ಮನೆ ಕೇಳುತ್ತಿದ್ದವನು ಎದ್ದ. ಘೋಣಸಗಿಯ ಮಲ್ಲಪ್ಪ, ತೋಟದ ಬಾವಿಗೆ ಇಂಜಿನ್ನು ಕೊಳ್ಳಲು ಬಂದಿದ್ದ. ಒಂದು ಇಂಜಿನ್ನಿನ ಮೇಲೆ ಕೈ ಬಡಿದು, "ಇದ ಇರ್ಲಿ, ನಾಳೆ ಬಂಡಿ ತರ್ತೀನಿ" ಎಂದು ತನ್ನ ವ್ಯವಹಾರ ಮುಗಿಸಿದ. ನಾನು ಬೆರಗಾಗಿ ನೋಡಿದೆ. ಒಂದೇ ಮಾತಿನಲ್ಲಿ! ಆಮೇಲೆ ನನ್ನ ಕಡೆ ತಿರುಗಿ, "ಮಾಸ್ತರ, ನಿಮಗ ಸದ್ಯೇಕ ನೀರ ಎತ್ತೂ ಪಂಪ ಬ್ಯಾಡ, ಗಾಳಿ ಬೇಕು. ನಡೀರಿ" ಎಂದು ಹೊರಟೇಬಿಟ್ಟ. ಪಂಕ್ಚರ್ ಅಂಗಡಿಯಲ್ಲಿ ಟ್ರ್ಯಾಕ್ಟರಿನ ಹಳೆಯ ಟ್ಯೂಬಿಗೆ ಗಟ್ಟಿಯಾಗಿ ಗಾಳಿ ತುಂಬಿಸಿದ. ದವಾಖಾನೆಯ ಕಂಪೌಂಡರನಿಂದ ಸಲೈನಿನ ನಳಿಗೆಯೊಂದನ್ನು ಕೇಳಿ ತಂದ. ಟ್ಯೂಬನ್ನು ಹೆಗಲಿಗೆ ಏರಿಸಿಕೊಂಡು ಇಬ್ಬರೂ ವಾಡೆಗೆ ನಡೆದೆವು. ದಾರಿಯಲ್ಲಿ ಸಿಕ್ಕ ಪರಿಚಯದವರೆಲ್ಲ, "ಮಾಸ್ತರ, ಟ್ರ್ಯಾಕ್ಟರ್ ತಗೊಂಡ್ರೇನ್ರಿ?" ಎಂದರು. ನಾನು ಹೌದೂ ಎನ್ನಲಿಲ್ಲ, ಇಲ್ಲವೂ ಎನ್ನಲಿಲ್ಲ.

ತೊಟ್ಟಿಯ ಮುಂದೆ ಮಲ್ಲಪ್ಪ ಚಪ್ಪಲಿ ಬಿಟ್ಟು ನಿಂತ. ಬಹಳ ಹೊತ್ತು ನೋಡಿದ. "ಇವು ಖರೇನ ಸಮುದ್ರದ್ದೇನ್ರಿ?" ಎಂದು ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡ. "ನಮ್ಮ ಬಾವೀಗಿಂತ ತುಸು ಹೆಚ್ಚ ಸವಳ ಐತಿ, ಅಷ್ಟ." ಆಮೇಲೆ ಟ್ಯೂಬಿನ ಬಾಯಿಗೆ ನಳಿಗೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ನೀರಲ್ಲಿ ಬಿಟ್ಟು, ಸಲೈನಿನ ತಿರುಪು ಸಡಿಲಿಸಿದ. ಗುಳುಗುಳು ಎಂದು ಗುಳ್ಳೆ ಎದ್ದವು. ಮೀನುಗಳು ಒಂದೊಂದಾಗಿ ಕೆಳಗಿಳಿದವು. ಶಾರದಾ ಚೊಂಬು ಕೆಳಗಿಟ್ಟು ಅಲ್ಲೇ ಗೋಡೆಗೆ ಒರಗಿ ಕೂತಳು. ಅವಳ ಅಂಗೈ ಕೆಂಪಾಗಿತ್ತು.

ಆದರೆ ಟ್ಯೂಬಿನ ಗಾಳಿ ಬರುತ್ತಿದ್ದದ್ದು ಕೆಲವೇ ತಾಸು. ಒತ್ತಡ ಕಡಿಮೆಯಾದಾಗ ಅದರ ಮೇಲೆ ಯಾರಾದರೂ ಕೂರಬೇಕು. ನಾನು ಕೂತರೆ ಗುಳ್ಳೆ ಸಣ್ಣಗೆ, ನೆರೆಮನೆಯ ದಪ್ಪ ಗಂಗಮ್ಮ ಕೂತರೆ ಸಮುದ್ರವೇ ಕುದಿಯುತ್ತಿತ್ತು. ಟ್ಯೂಬು ಪೂರ್ತಿ ಇಳಿದಾಗ ಹೊತ್ತುಕೊಂಡು ಹೋಗಿ ಮತ್ತೆ ಗಾಳಿ ತುಂಬಿಸಿ ತರುವುದು. ನಾಲ್ಕು ದಿನ ಹೀಗೆ ನಡೆಯಿತು. ಸಾಲಿಯಲ್ಲಿ ವ್ಯಾಕರಣ ಹೇಳುತ್ತಿದ್ದರೂ ನನ್ನ ಕಿವಿ ಗುಳ್ಳೆಯ ಸದ್ದು ಹುಡುಕುತ್ತಿತ್ತು. ಸಂಧಿಗೆ ಉದಾಹರಣೆ ಕೊಡುವಾಗ ಸಂಧಿಯೇ ಇಲ್ಲದ "ಉಪ್ಪುನೀರು" ಎಂದುಬಿಟ್ಟೆ, ಮಕ್ಕಳು ನಕ್ಕರು. ಬಬಲೇಶ್ವರದ ಸಂತೆಯ ದಿನ ಬಸ್ಸಿನಲ್ಲಿ ಒಂದು ಮೇಕೆ ನನ್ನ ಕೈಯಲ್ಲಿದ್ದ ಮಕ್ಕಳ ಉತ್ತರಪತ್ರಿಕೆ ತಿನ್ನುತ್ತಿದ್ದದ್ದು ಕೂಡ ಪಕ್ಕದವರು ಹೇಳಿದ ಮೇಲೆ ಗೊತ್ತಾಯಿತು.

ಭಾನುವಾರ ಸೋಲಾಪುರಕ್ಕೆ ಹೋದೆ. ಅಲ್ಲಿ ಬಣ್ಣದ ಮೀನು ಮಾರುವ ಒಬ್ಬನಿದ್ದಾನೆ ಎಂದು ಯಾರೋ ಹೇಳಿದ್ದರು. ಅಂಗಡಿ ಸಿಕ್ಕಿತು, ಅಂಗಡಿಯವನಿಗೆ ಕನ್ನಡವೂ ಬರುತ್ತಿತ್ತು. ನನ್ನ ಸಂಕಟ ಕೇಳಿ ಮೂರು ಪಂಪು ಮುಂದಿಟ್ಟ. ಮೂರು! ಒಂದು ಸದ್ದಿಲ್ಲದ್ದು, ಆದರೆ ಗಾಳಿ ಕಡಿಮೆ. ಇನ್ನೊಂದು ಗಾಳಿ ಭರ್ಜರಿ, ಆದರೆ ಹಿಟ್ಟಿನ ಗಿರಣಿಯಷ್ಟು ಸದ್ದು. ಮೂರನೆಯದು ಮುಂಬಯಿಯಿಂದ ಬಂದದ್ದು, ಪ್ಲಾಸ್ಟಿಕ್ಕಿನದು; ನೀರನ್ನೇ ಎಳೆದು ರಭಸದಿಂದ ತಳ್ಳಿ ತೊಟ್ಟಿಯ ತುಂಬ ತಿರುಗಿಸುವಂಥದು. "ಸಮುದ್ರದ ಮೀನಿಗೆ ಹರಿಯೋ ನೀರ ಬೇಕ್ರಿ ಗುರೂಜಿ, ಇದ ಒಯ್ರಿ" ಎಂದ. ನಾನು ತೊಟ್ಟಿಯ ಉದ್ದ ಅಗಲ ಗೇಣಿನಲ್ಲಿ ಹೇಳಿದೆ. ಅವನು ತನ್ನ ಗೇಣು ನನ್ನ ಗೇಣಿಗೆ ಹೋಲಿಸಿ ನೋಡಿದ. ನಾನು ಮೂರನ್ನೂ ಕಿವಿಗೆ ಹಿಡಿದು ಕೇಳಿದೆ, ಬಕೆಟ್ಟಿನಲ್ಲಿ ಇಳಿಸಿ ನೋಡಿದೆ, ಹೊರಗೆ ಹೋಗಿ ಚಹಾ ಕುಡಿದು ಬಂದು ಮತ್ತೆ ಮೊದಲಿನಿಂದ ಶುರು ಮಾಡಿದೆ. ರಭಸ ಹೆಚ್ಚಾದರೆ ಮೀನಿಗೆ ತಲೆ ತಿರುಗಿದರೆ? ಕಡಿಮೆಯಾದರೆ ಉಸಿರು ಕಟ್ಟಿದರೆ? ಮಧ್ಯಾಹ್ನದ ಊಟಕ್ಕೆ ಅಂಗಡಿ ಮುಚ್ಚುವ ಹೊತ್ತಾದಾಗ ಅವನು ಮೂರನೆಯದನ್ನು ಹಾಳೆಯಲ್ಲಿ ಸುತ್ತಿ ನನ್ನ ಕಂಕುಳಿಗೆ ಇಟ್ಟ. "ಇದು ನೀರ ಎಳಕೊಳ್ಳೂ ಬಾಯಿಗೆ ಒಂದ ಜಾಳಿಗಿ ಹಾಕಬೇಕ್ರಿ. ಸಣ್ಣ ಕಣ್ಣಿಂದು ಕೊಡ್ಲೋ, ದೊಡ್ಡ ಕಣ್ಣಿಂದೋ?" ಎಂದ. ಸಣ್ಣದಾದರೆ ಕಸ ಕಟ್ಟಿಕೊಳ್ಳುತ್ತದೆ, ದೊಡ್ಡದಾದರೆ ಕಸ ಒಳಗೆ ಹೋಗುತ್ತದೆ. ನಾನು ವಿಚಾರ ಮಾಡುತ್ತಿದ್ದೆ. ಅಷ್ಟರಲ್ಲಿ ಯಾರೋ ವಿಜಾಪುರದ ಬಸ್ಸು ಹೊರಟಿತು ಎಂದರು. "ಆಮೇಲೆ ನೋಡೋಣ" ಎಂದು ಓಡಿದೆ.

ಮನೆಗೆ ಬಂದು ಪಂಪು ಇಳಿಸಿ ಗುಂಡಿ ಒತ್ತಿದೆ. ನೀರು ಭರ್ರನೆ ತಿರುಗಿತು. ತಳದ ಮರಳೆಲ್ಲ ಎದ್ದು ತೊಟ್ಟಿ ಮಜ್ಜಿಗೆಯ ಬಣ್ಣಕ್ಕೆ ಬಂತು. ಏನೂ ಕಾಣಲಿಲ್ಲ. ನಾನೂ ಶಾರದಾನೂ ಗಾಜಿಗೆ ಮೂಗು ಹಚ್ಚಿ ಕೂತೆವು. ಅರ್ಧ ತಾಸಿನ ಮೇಲೆ ನೀರು ತಿಳಿಯಾಯಿತು. ಕಿತ್ತಳೆಯ ಎರಡೂ ಕಲ್ಲಿನ ಸಂದಿಯಿಂದ ಹೊರಬಂದವು. ಹೂವಿನ ಜೀವಿ ಮೆಲ್ಲಗೆ ಒಂದೊಂದೇ ಎಳೆ ಬಿಚ್ಚತೊಡಗಿತು. "ನೀಲೀದ ಎಲ್ಲಿ?" ಎಂದಳು ಶಾರದಾ. ನೀಲಿಯದು ಪಂಪಿನ ಬಾಯಿಗೆ ಅಂಟಿಕೊಂಡಿತ್ತು. ಪಂಪು ನಿಲ್ಲಿಸಿದಾಗ ಕಳಚಿ ಮೇಲೆ ತೇಲಿತು. ಮಿಸುಕಲಿಲ್ಲ.

ಶಾರದಾ ಒಳಗೆ ಹೋಗಿ ಕತ್ತರಿ ತಂದಳು. ಸೊಳ್ಳೆಪರದೆಯ ಒಂದು ತುಂಡು ಕತ್ತರಿಸಿ, ಎರಡು ಸುತ್ತು ಮಡಿಸಿ, ಪಂಪಿನ ಬಾಯಿಗೆ ದಾರ ಕಟ್ಟಿ ಕೂರಿಸಿದಳು. ಆ ಕೆಲಸಕ್ಕೆ ಅವಳಿಗೆ ಹಿಡಿದದ್ದು ಒಂದು ಎಲೆ ಅಡಿಕೆ ಹಾಕುವಷ್ಟು ಹೊತ್ತು. ನೀಲಿ ಮೀನನ್ನು ನಾನು ಅಂಗಳದ ದಾಸವಾಳದ ಬುಡದಲ್ಲಿ ಮಣ್ಣು ಮಾಡಿದೆ.

ಅಲ್ಲಿಂದ ಮುಂದೆ ಪಂಪು ಚೆನ್ನಾಗಿಯೇ ನಡೆಯಿತು. ನಾನು ಮಾತ್ರ ನಡೆಯಲಿಲ್ಲ. ಅಕ್ಕೋರಿಗೆ ಬರೆದ ಕಾರ್ಡು ನೆನಪಾದಾಗಲೆಲ್ಲ ಎದ್ದು ಹೋಗಿ ಉಳಿದ ಎರಡನ್ನೂ ಎಣಿಸಿ ಬರುತ್ತಿದ್ದೆ. ಇನ್ನೊಂದು ಕಾರ್ಡು ಬರೆಯಲೆ? ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರಿಗೆ ಯಾರೋ ಅದನ್ನು ಓದಿ ಹೇಳುತ್ತಾರೆ, ಅವರು ಅತ್ತರೆ ಆಪರೇಶನ್ನೇ ಕೆಟ್ಟುಹೋದರೆ? ಬಂದ ಮೇಲೆ ಹೇಳಲೆ? ಸೋಲಾಪುರದಲ್ಲಿ ಅದೇ ಥರದ್ದು ಸಿಕ್ಕರೆ ತಂದು ಬಿಟ್ಟು ಸುಮ್ಮನಿರಲೆ? ಬಸ್ಸಿನಲ್ಲಿ ಹೋಗುತ್ತಾ ಹೇಳಬೇಕು ಎನ್ನಿಸುತ್ತಿತ್ತು, ಬರುತ್ತಾ ಬೇಡ ಎನ್ನಿಸುತ್ತಿತ್ತು.

ಅಷ್ಟರಲ್ಲಿ ಅಕ್ಕೋರು ಬಂದೇಬಿಟ್ಟರು, ತಮ್ಮ ಕರೆತಂದು ಬಾಗಿಲಿಗೆ ಬಿಟ್ಟು ಹೋದ. ಕಣ್ಣಿನ ಮೇಲೆ ಹಸಿರು ಬಟ್ಟೆಯ ತೆರೆ. ಬೆಳಕು ನೋಡುವಂತಿರಲಿಲ್ಲ. ಚೀಲ ಕೆಳಗಿಟ್ಟವರೇ ಕೈಯಿಂದ ಗೋಡೆ ಸವರುತ್ತಾ ಹೋಗಿ ತೊಟ್ಟಿಯ ಮುಂದೆ ಸ್ಟೂಲಿನ ಮೇಲೆ ಕೂತರು. ತಲೆ ಓರೆ ಮಾಡಿ ಕೇಳಿದರು. "ಸದ್ದು ಬೇರೆ ಇದೆಯಲ್ಲ? ನೀರು ಹರಿದ ಹಾಗೆ."

"ಹೊಸ ಪಂಪು" ಎಂದೆ.

"ಮೂರೂ ಚೆನ್ನಾಗಿವೆಯಾ?"

ಅವರಿಗೆ ಕಾಣುತ್ತಿರಲಿಲ್ಲ. ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು, ಕಣ್ಣಿನ ತೆರೆ ತೆಗೆಯುವುದರೊಳಗೆ ಸೋಲಾಪುರಕ್ಕೆ ಇನ್ನೊಮ್ಮೆ ಹೋಗಿ ಬರುವಷ್ಟು ದಿನವೂ ಇತ್ತು. ಶಾರದಾ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. "ಇಲ್ಲ ಅಕ್ಕೋರೆ" ಎಂದೆ. "ನೀಲಿಯದು ಹೋಯಿತು. ಪಂಪಿನ ಬಾಯಿಗೆ ಜಾಳಿಗಿ ಹಾಕಬೇಕಿತ್ತು. ಯಾವ ಜಾಳಿಗಿ ಅಂತ ವಿಚಾರ ಮಾಡುತ್ತಾ ಹಾಕದೆ ಬಂದೆ. ನನ್ನದೇ ತಪ್ಪು."

ಅಕ್ಕೋರು ಸ್ಟೂಲನ್ನು ತೊಟ್ಟಿಯ ಹತ್ತಿರಕ್ಕೆ ಎಳೆದುಕೊಂಡರು. ಗಾಜಿನ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದರು. ಆಮೇಲೆ ತುಟಿಯ ಮೂಲೆಯಲ್ಲಿ ಸಣ್ಣ ನಗು ಬಂತು. "ನಮ್ಮ ಯಜಮಾನರು ಹನ್ನೊಂದು ಮೀನು ಕೊಂದಿದ್ದರು" ಎಂದರು. "ಒಂದು ಸತ್ತ ಕೂಡಲೇ ನನಗೆ ಹೇಳದೆ ಮುಂಬಯಿಗೆ ಹೋಗಿ ಅದೇ ಬಣ್ಣದ್ದು ತಂದು ಬಿಡುವುದು. ಆಫೀಸಿನ ಕೆಲಸ ಎಂದು ನನ್ನ ಮುಂದೆ ಹೇಳುವುದು. ನನಗೆ ಪ್ರತಿಸಲವೂ ಗೊತ್ತಾಗುತ್ತಿತ್ತು. ಗೊತ್ತಿಲ್ಲದ ಹಾಗೆ ಇರುತ್ತಿದ್ದೆ. ಸತ್ತಿತು ಎಂದು ಬಾಯಿಬಿಟ್ಟು ಹೇಳಿದವರು ನೀವೇ ಮೊದಲು." ತೆರೆಯ ಕೆಳಗೆ ಬೆರಳು ತೂರಿಸಿ ಕೆನ್ನೆ ಒರೆಸಿಕೊಂಡರು. "ಡಾಕ್ಟರು ಆರು ತಿಂಗಳು ಬಗ್ಗಬಾರದು, ಭಾರ ಎತ್ತಬಾರದು ಎಂದಿದ್ದಾರೆ. ಅಲ್ಲಿಯವರೆಗೂ ಇದನ್ನು ನೀವೇ ನೋಡಿಕೊಳ್ಳುತ್ತೀರಾ?"

"ಹೂಂ" ಎಂದೆ.

ಎಂದ ಮೇಲೆ ನನಗೇ ಗಾಬರಿಯಾಯಿತು. ಆರು ತಿಂಗಳು! ಕರೆಂಟು ಹೋದರೆ? ಪರದೆ ಹರಿದರೆ? ಉಳಿದ ಎರಡರಲ್ಲಿ ಒಂದಕ್ಕೆ ಏನಾದರೂ ಆದರೆ? ಮನೆಗೆ ಬಂದು ಕಾಲು ತೊಳೆದುಕೊಳ್ಳುತ್ತಾ ಶಾರದಾಳನ್ನು ಕೇಳಿದೆ: "ಒಂದು ಕ್ಷಣವೂ ವಿಚಾರ ಮಾಡದೆ ನಾನು ಹೇಗೆ ಹೂಂ ಅಂದೆ?"

ಅವಳು ಟವೆಲ್ಲು ಕೊಡುತ್ತಾ ಹೇಳಿದಳು: "ಒಲ್ಲೆ ಅನ್ನಾಕ ನಿಮಗ ಇನ್ನೂ ಎರಡ ತಾಸ ಬೇಕಿತ್ತ್ರಿ. ಅಷ್ಟೊತ್ತ ಅಕ್ಕೋರು ಆ ಸ್ಟೂಲಿನ ಮ್ಯಾಲ ಕಾಯ್ಕೋತ ಕೂಡೂ ಹಂಗ ಇರಲಿಲ್ಲ."